ಡಬ್ಬಿಯಲ್ಲಿ ಕಾಳೆಲ್ಲಿ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ. ಈ ಪೋಷಕರ ಸಭೆಯಲ್ಲಿ ಶಾಲೆಯ ಮೇಡಂ ನನಗೆ ಅರ್ಧ ಗಂಟೆ ಕೊಟ್ಟಿದ್ದರು, ಅದರಲ್ಲಿ ಐದು ನಿಮಿಷ ಮೈಕೇ ತಿಂದುಹಾಕಿತು. ಇರಲಿ, ಮಕ್ಕಳ ಊಟದ ಡಬ್ಬಿಯ ವಿಷಯ ತಾನೆ.

ನಾನು ಡಾಕ್ಟರಲ್ಲ, ಡಯಟೀಷಿಯನ್ನೂ ಅಲ್ಲ. ಇದೇ ತುಮಕೂರಿನಲ್ಲಿ ಎಲ್‌ಕೆಜಿಯಿಂದ ಎರಡನೇ ಕ್ಲಾಸಿನವರೆಗಿನ ಮಕ್ಕಳಿಗೆ ಪಾಠ ಹೇಳಿ, ಮಧ್ಯಾಹ್ನ ಅವರ ಜೊತೆ ಕೂತು ಉಂಡು, ರಿಟೈರ್ ಆದವಳು. ಪಾಠ ಹೇಳಿದ್ದಕ್ಕಿಂತ ಡಬ್ಬಿ ಮುಚ್ಚಳ ತೆಗೆದಿದ್ದೇ ಜಾಸ್ತಿ ಇರಬೇಕು. ಹಾಗಾಗಿ ಒಂದು ಡಬ್ಬಿ ನೋಡಿದರೆ ಸಾಕು, ಆ ಮನೆಯಲ್ಲಿ ಬೆಳಿಗ್ಗೆ ಕರೆಂಟ್ ಇತ್ತಾ, ಅಜ್ಜಿ ಊರಿಗೆ ಹೋಗಿದ್ದಾರಾ, ವ್ಯಾನ್ ಬೇಗ ಬಂತಾ, ಎಲ್ಲ ಹೇಳಿಬಿಡುತ್ತೇನೆ.

ಈಗ ಒಂದು ವಾರದ ಡಬ್ಬಿ ಹೇಳುತ್ತೇನೆ. ನಿಮ್ಮ ಮನೆಯದೇ ಅನ್ನಿಸಿದರೆ ಸುಮ್ನೆ ನಕ್ಕುಬಿಡಿ. ಸೋಮವಾರ ಚಿತ್ರಾನ್ನ. ಮಂಗಳವಾರ ಪುಳಿಯೋಗರೆ, ಅದೂ ಅಂಗಡಿ ಪುಡಿಯದು. ಬುಧವಾರ ಉಪ್ಪಿಟ್ಟು. ಗುರುವಾರ ಟೊಮೆಟೊ ಬಾತ್. ಶುಕ್ರವಾರ ಶಾವಿಗೆ. ಶನಿವಾರ ಅರ್ಧ ದಿನ ಅಲ್ವಾ, ಬಿಸ್ಕತ್ತು. ಕೇಳಿದರೆ "ಮೇಡಂ, ದಿನಾ ವೆರೈಟಿ ಕೊಡ್ತೀವಿ" ಅನ್ನುತ್ತೀರಿ. ಹೆಸರು ಬೇರೆ, ಬಣ್ಣ ಬೇರೆ, ಒಗ್ಗರಣೆ ಬೇರೆ. ಒಳಗಿರುವುದು ಮಾತ್ರ ಬರೀ ಪಿಷ್ಟ. ಓಡಾಡೋಕೆ ಶಕ್ತಿ ಕೊಡುತ್ತದೆ, ಇಲ್ಲ ಅನ್ನುವುದಿಲ್ಲ. ಮೈ ಬೆಳೆಯೋಕೆ ಬೇಕಾದ ಪ್ರೋಟೀನ್? ಅದನ್ನು ಕೊಡುವ ಕಾಳೆಲ್ಲಿ?

ಇವತ್ತು ನಾನು ಹೇಳಿದ್ದರಲ್ಲಿ ಏನು ಮರೆತರೂ ಪರವಾಗಿಲ್ಲ. ಬೆಳಿಗ್ಗೆ ಡಬ್ಬಿ ಮುಚ್ಚುವ ಮುಂಚೆ "ಕಾಳೆಲ್ಲಿ?" ಅಂತ ಒಂದು ಸಲ ಕೇಳಿಕೊಳ್ಳಿ. ಕಾಳು ಅಂದರೆ ಬೇಳೆಯೂ ಬಂತು, ಮೊಟ್ಟೆ ತಿನ್ನುವವರಿಗೆ ಮೊಟ್ಟೆಯೂ ಬಂತು. ಅದರ ಬಗ್ಗೆ ಜಗಳ ಬೇಡ.

ಲೆಕ್ಕ ಬೇಕು ಅನ್ನುವವರಿಗೆ ಲೆಕ್ಕ. ಹೈದರಾಬಾದಿನಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 2020ರಲ್ಲಿ ಅವರು ಕೊಟ್ಟ ಪಟ್ಟಿ ಪ್ರಕಾರ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ ಪ್ರೋಟೀನ್ ಬೇಕು, 7ರಿಂದ 9 ವರ್ಷಕ್ಕೆ ಸುಮಾರು 23 ಗ್ರಾಂ. ಒಂದು ಸಣ್ಣ ಹಿಡಿ ಒಣ ಹೆಸರುಕಾಳು, ಅಂದರೆ 25 ಗ್ರಾಂ, ಇದರಲ್ಲಿ ಹತ್ತಿರ ಹತ್ತಿರ 6 ಗ್ರಾಂ ಸಿಗುತ್ತದೆ. ಒಂದು ಮೊಟ್ಟೆಯಲ್ಲೂ ಅಷ್ಟೇ. ಎಲ್‌ಕೆಜಿ ಮಗುವಿನ ಇಡೀ ದಿನದ ಪಾಲಿನಲ್ಲಿ ಮೂರನೇ ಒಂದು ಭಾಗ ಆ ಒಂದು ಹಿಡಿಯಲ್ಲೇ ಮುಗಿಯಿತು. ಇದಕ್ಕೆ ಚಾಕೊಲೇಟ್ ಬಣ್ಣದ ಡಬ್ಬದ ಪುಡಿ ಯಾಕೆ ಬೇಕು ಹೇಳಿ?

ಮೂರನೇ ಸಾಲಿನಲ್ಲಿ ಒಬ್ಬರು ಅಪ್ಪ ಆಗಲೇ ಮೊಬೈಲ್ ತೆಗೆದರು. ಅನ್ನದಲ್ಲೂ ಪ್ರೋಟೀನ್ ಇದೆಯಲ್ಲ ಅಂತ ನೋಡುತ್ತಿದ್ದೀರಿ ಅಲ್ವಾ? ಇದೆ ಸ್ವಾಮಿ. ಆದರೆ ಪ್ರೋಟೀನ್ ಅನ್ನುವುದು ಅಮೈನೋ ಆಮ್ಲ ಅನ್ನುವ ಇಟ್ಟಿಗೆಗಳಿಂದ ಕಟ್ಟಿದ್ದು, ಅನ್ನದಲ್ಲಿ ಲೈಸಿನ್ ಅನ್ನುವ ಇಟ್ಟಿಗೆ ಕಡಿಮೆ. ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅನ್ನುವ ಇನ್ನೊಂದು ಇಟ್ಟಿಗೆ ಅಕ್ಕಿಯಲ್ಲಿದೆ. ಎರಡೂ ಕೂಡಿದಾಗ ಮೈಗೆ ಚೆನ್ನಾಗಿ ಹತ್ತುತ್ತದೆ. ಈ ಲೈಸಿನ್ ಹೆಸರು ಕೇಳದ ನಮ್ಮ ಅಜ್ಜಿಯರು ಅಕ್ಕಿಗೆ ಉದ್ದು ಹಾಕಿ ಇಡ್ಲಿ ಮಾಡಿದರು, ಹೆಸರುಬೇಳೆ ಹಾಕಿ ಪೊಂಗಲ್ ಮಾಡಿದರು, ತೊಗರಿಬೇಳೆ ಹಾಕಿ ಬಿಸಿಬೇಳೆಬಾತ್ ಮಾಡಿದರು. ನಾವು ಬೇಳೆ ಬಿಟ್ಟು ಬಾತ್ ಮಾತ್ರ ಇಟ್ಟುಕೊಂಡೆವು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಕೂತವರೆಲ್ಲ ಫೀಸ್ ಕಟ್ಟಿ ಮಕ್ಕಳನ್ನು ಓದಿಸುವವರು. ಪಕ್ಕದ ರಸ್ತೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇದೆ. ಅಲ್ಲಿ ಒಂದರಿಂದ ಐದನೇ ಕ್ಲಾಸಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಅಂತ ನಿಯಮವೇ ಇದೆ. ಒಂದು ಊಟದಲ್ಲಿ 12 ಗ್ರಾಂ ಪ್ರೋಟೀನ್ ಇರಬೇಕು. 2013ರಿಂದ ಕ್ಷೀರಭಾಗ್ಯದ ಹಾಲು ಬಂತು. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಸಾರು ನೀರಾಗಿದೆ, ಹುಳ ಇತ್ತು, ಅಂತ ದೂರು ಬರುತ್ತವೆ, ಬರಲಿ, ಕೇಳಲೇಬೇಕು. ಆದರೆ ಅಲ್ಲಿ ಕಾಳೆಲ್ಲಿ ಅಂತ ಕೇಳೋಕೆ ಒಂದು ನಿಯಮವಾದರೂ ಇದೆ. ನಮ್ಮ ಮಕ್ಕಳ ಮೂರು ಅಂತಸ್ತಿನ ಕಾರ್ಟೂನ್ ಡಬ್ಬಿಯನ್ನು ಕೇಳುವವರು ಯಾರು?

ಡಬ್ಬಿ ಅಂದಕೂಡಲೇ ನೆನಪಾಯಿತು. ಇದನ್ನು ನಾನು ಎಲ್ಲ ಕಡೆ ಹೇಳುತ್ತೇನೆ, ಕೇಳಿದವರು ಇನ್ನೊಂದು ಸಲ ಕೇಳಿ.

ಯುಕೆಜಿಯಲ್ಲಿ ಒಬ್ಬಳು ಪುಟ್ಟಿ ಇದ್ದಳು. ಜಾಣೆ, ಮಾತು ಕಡಿಮೆ. ಅವಳ ಡಬ್ಬಿ ದಿನಾ ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು. ಅಮ್ಮ ಬ್ಯಾಂಕಿನಲ್ಲಿ ಕೆಲಸ, ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡುವವರು. ಮೊದಲು ಗದರಿದರು. ಆಮೇಲೆ ಹಸಿವಾಗಲಿ ಅಂತ ಟಾನಿಕ್ ತಂದರು. ಆಮೇಲೆ ಜಂತುಹುಳದ ಮಾತ್ರೆ. ಆಮೇಲೆ ಯಾರೋ ಹೇಳಿದರು ಅಂತ ಕ್ಯಾರೆಟ್ಟನ್ನು ನಕ್ಷತ್ರದ ಹಾಗೆ ಕತ್ತರಿಸಿ ಇಟ್ಟರು, ಸೌತೆಕಾಯಿಗೆ ಕಣ್ಣು ಮೂಗು ಬರೆದರು. ನಕ್ಷತ್ರ ಹಾಗೇ ವಾಪಸ್ ಬಂತು. ಪಾಸ್ತಾ ಕೊಟ್ಟರು, ಅದೂ ವಾಪಸ್. ಇತ್ತ ಶಾಲೆಯಲ್ಲಿ ನಮ್ಮ ಹುಡುಗಿ ಏನು ಮಾಡುತ್ತಿದ್ದಳು? ಪಕ್ಕದವಳ ಅವರೆಕಾಳು ಉಪ್ಪಿಟ್ಟಿನಲ್ಲಿ ಅರ್ಧ ತಿಂದು ಬಾಯಿ ಒರೆಸಿಕೊಂಡು ಕೂರುತ್ತಿದ್ದಳು. ಹಸಿವಿಲ್ಲದ ಮಗು ಅಲ್ಲವೇ ಅಲ್ಲ.

ಅಷ್ಟರಲ್ಲಿ ತಿಪಟೂರಿನಿಂದ ಅವಳ ಅಜ್ಜಿ ಬಂದರು. ಬಂದವರು ಟಾನಿಕ್ ಬಾಟಲಿ ನೋಡಿದರು, ಡಬ್ಬಿ ನೋಡಿದರು, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು "ತೆಗಿ ಪುಟ್ಟಿ ನೋಡಾನ" ಅಂದರು. ಮಗು ಎಳೆಯಿತು, ಹಲ್ಲು ಹಾಕಿತು, ಕೆಂಪಾಯಿತು. ಬರಲಿಲ್ಲ. ಅಜ್ಜಿ ಎಳೆದರು. ಬರಲಿಲ್ಲ. ತಾತ ಮೀಸೆ ತಿರುವಿಕೊಂಡು ಬಂದು ಡಬ್ಬಿಯನ್ನು ಎರಡು ಮಂಡಿ ನಡುವೆ ಸಿಕ್ಕಿಸಿ ಒಂದು ಸಲ ಎಳೆದರು ನೋಡಿ, ಟೊಮೆಟೊ ಬಾತ್ ಹೋಗಿ ಗೋಡೆಯ ಕ್ಯಾಲೆಂಡರಿಗೆ ಅಂಟಿಕೊಂಡಿತು. ಇದನ್ನು ಆ ಅಜ್ಜಿಯೇ ಶಾಲೆಗೆ ಬಂದು ನನಗೆ ಹೇಳಿದ್ದು, ಯುಗಾದಿ ದಿನದ ಮೇಲೆ ಈಗಲೂ ಕಲೆ ಇದೆ ಮೇಡಂ ಅಂತ.

ಆಗಿದ್ದು ಇಷ್ಟೇ. ನಾಲ್ಕೂ ಕಡೆ ಕ್ಲಿಪ್ಪು, ಒಳಗೆ ರಬ್ಬರ್ ಪಟ್ಟಿ, ಒಂದು ಹನಿ ನೀರೂ ಸೋರದ ಡಬ್ಬಿ. ಅಮ್ಮ ಸುಡುಸುಡು ಬಾತ್ ತುಂಬಿ ಟಪ್ ಅಂತ ಮುಚ್ಚುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಳಗಿನ ಹಬೆ ತಣ್ಣಗಾಗಿ ನೀರಾಗಿ, ಮುಚ್ಚಳ ಒಳಕ್ಕೆ ಎಳೆದುಕೊಂಡು ಕೂರುತ್ತಿತ್ತು. ಐದು ವರ್ಷದ ಬೆರಳಿಗೆ ಅದು ಬರುತ್ತದಾ? ಕೇಳೋಕೆ ನಾಚಿಕೆ, ಬ್ಯಾಗಿಗೆ ವಾಪಸ್ ಇಟ್ಟುಬಿಡುತ್ತಿದ್ದಳು. ಆಮೇಲೆ ಅಟ್ಟದಿಂದ ಅವರಮ್ಮನದೇ ಹಳೇ ಸ್ಟೀಲ್ ಡಬ್ಬಿ ಇಳಿಸಿದರು. ಮುಚ್ಚಳ ಸ್ವಲ್ಪ ಲಡಕಾಸಿ. ಅವತ್ತೇ ಖಾಲಿ!

ಅದಕ್ಕೇ ಹೇಳುವುದು, ಈ ಭಾನುವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಮಗುವಿನ ಡಬ್ಬಿ ತುಂಬಿ, ಚಮಚ ಇಟ್ಟು, ಮುಂದೆ ಕೊಟ್ಟು, ದೂರ ಕೂತು ಗಡಿಯಾರ ನೋಡಿ. ಇಪ್ಪತ್ತು ನಿಮಿಷ. ಶಾಲೆಯಲ್ಲಿ ಕೈ ತೊಳೆದು, ಸಾಲು ನಿಂತು, ಜಗಳ ಆಡಿ ಉಳಿಯುವುದು ಅಷ್ಟೇ. ಅಷ್ಟರಲ್ಲಿ ತಾನೇ ತೆಗೆದು, ತಾನೇ ತಿಂದು, ತಾನೇ ಮುಚ್ಚಬೇಕು. ಮೊಬೈಲ್ ತೋರಿಸುವುದು, ತುತ್ತು ಮಾಡಿ ಬಾಯಿಗಿಡುವುದು ಯಾವುದೂ ಇಲ್ಲ. ಎಷ್ಟು ತಿಂದಿತೋ ಅದೇ ಅದರ ಅಳತೆ. ಅಷ್ಟೇ ತುಂಬಿ. ತುಂಬಿ ತುಳುಕುವ ಡಬ್ಬಿ ನೋಡಿದರೆ ಮಕ್ಕಳಿಗೆ ಮೊದಲ ತುತ್ತಿಗೇ ಸುಸ್ತು.

ಸರಿ, ಕಾಳಿಗೆ ವಾಪಸ್ ಬರೋಣ. ಟೈಮಿಲ್ಲ ಮೇಡಂ ಅನ್ನುತ್ತೀರಿ. ಹೊಸ ಅಡುಗೆ ಬೇಡವೇ ಬೇಡ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ಹಿಡಿ ಕಾಳು ನೆನೆಹಾಕಿ ಮಲಗಿ. ಇದು ಗಂಡಸರಿಗೂ ಬರುತ್ತದೆ, ನಾನು ನೋಡಿದ್ದೇನೆ. ಬೆಳಿಗ್ಗೆ ಕುಕ್ಕರಿನಲ್ಲಿ ಅನ್ನದ ಜೊತೆಗೇ ಒಂದು ಸಣ್ಣ ಬಟ್ಟಲಲ್ಲಿ ಇಟ್ಟರೆ ಬೆಂದಿರುತ್ತದೆ. ಪುಳಿಯೋಗರೆಗೆ ಬೆಂದ ಕಪ್ಪು ಕಡಲೆ ಬೆರೆಸಿ. ಉಪ್ಪಿಟ್ಟಿಗೆ ಅವರೆಕಾಳೋ ಬಟಾಣಿಯೋ. ಶಾವಿಗೆಗೆ ಹೆಸರುಕಾಳು. ಅಕ್ಕಿ ದೋಸೆ ಬದಲು ವಾರಕ್ಕೊಮ್ಮೆ ಹೆಸರುಕಾಳು ದೋಸೆ. ಇಡ್ಲಿಗೆ ಚಟ್ನಿ ಸೋರುತ್ತದೆ ಅಂದರೆ ಹುರಿಗಡಲೆ ಚಟ್ನಿಪುಡಿಗೆ ತುಪ್ಪ ಕಲಸಿ ಸವರಿ. ಚಿತ್ರಾನ್ನಕ್ಕೆ ಕಡಲೆಬೀಜ ಹಾಕುತ್ತೇವಲ್ಲ ಅನ್ನಬಹುದು. ಎಣಿಸಿ ನಾಲ್ಕು! ಪಾವಗಡ, ಶಿರಾ ನಮ್ಮ ಜಿಲ್ಲೆಯಲ್ಲೇ ಇರುವಾಗ ಕಡಲೆಬೀಜಕ್ಕೆ ಇಷ್ಟು ಜಿಪುಣತನವಾ? ಆದರೆ ಐದು ವರ್ಷದ ಒಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತರಿತರಿ ಪುಡಿ ಮಾಡಿ ಅನ್ನಕ್ಕೆ ಉದುರಿಸಿ. ದ್ರಾಕ್ಷಿಯೂ ಅಷ್ಟೇ, ಉದ್ದುದ್ದ ನಾಲ್ಕು ಸೀಳು ಮಾಡಿ ಕೊಡಿ.

ಕಾಳಿಗೆ ಕೊನೆಯಲ್ಲಿ ಒಲೆ ಆರಿಸಿ ನಿಂಬೆಹಣ್ಣು ಹಿಂಡಿ. ಕಾಳಿನಲ್ಲಿರುವ ಕಬ್ಬಿಣ ಮೈ ಸೇರೋಕೆ ವಿಟಮಿನ್ ಸಿ ಸಹಾಯ ಮಾಡುತ್ತದೆ. ಇದು ಸಣ್ಣ ವಿಷಯ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಸಂಜೆ ಮನೆಗೆ ಬಂದ ಮಗುವಿಗೆ ಊಟದ ಜೊತೆ ಟೀ ಕೊಡುವವರು ಇದ್ದರೆ ದಯವಿಟ್ಟು ನಿಲ್ಲಿಸಿ, ಟೀ ಅದೇ ಕಬ್ಬಿಣವನ್ನು ತಡೆಯುತ್ತದೆ.

ಇನ್ನು ರಾಗಿ. ನಮ್ಮ ಸೀಮೆಯಲ್ಲಿ ನಿಂತು ರಾಗಿ ಬಗ್ಗೆ ಭಾಷಣ ಮಾಡಬೇಕಾಗಿ ಬಂದಿದೆ, ನೋಡಿ ಕಾಲ! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಕ್ಕಿಯಲ್ಲಿ 10 ಇದ್ದರೆ ಹೆಚ್ಚು. 4ರಿಂದ 6 ವರ್ಷಕ್ಕೆ ದಿನಕ್ಕೆ ಬೇಕಾಗಿರುವುದು 550. ಮುದ್ದೆ ಡಬ್ಬಿಗೆ ಆಗುವುದಿಲ್ಲ, ಒಪ್ಪಿದೆ. ರೊಟ್ಟಿ ಗಟ್ಟಿಯಾಗುತ್ತದೆ ಅನ್ನುವವರು ಬಿಸಿನೀರಿನಲ್ಲಿ ಕಲಸಿ, ಕಾಯಿತುರಿ, ನುಗ್ಗೆಸೊಪ್ಪು ಹಾಕಿ, ಬೇಯಿಸಿದ ಕೂಡಲೇ ತುಪ್ಪ ಸವರಿ ಮಡಚಿ ಬಟ್ಟೆಯಲ್ಲಿ ಸುತ್ತಿಡಿ. ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ. ನಿಜವಾದ ತೊಂದರೆ ಗಟ್ಟಿಯದಲ್ಲ, ಬಣ್ಣದ್ದು. "ಅಮ್ಮ, ಕಪ್ಪು ರೊಟ್ಟಿ ಬೇಡ, ಎಲ್ಲರೂ ನಗ್ತಾರೆ" ಅಂತ ಮಗು ಅಳುತ್ತದೆ. ಮೊಟ್ಟೆ ತಂದ ಮಗುವಿನ ಪಕ್ಕ ಮೂಗು ಮುಚ್ಚಿಕೊಳ್ಳುವುದೂ ಇದೇ ಜಾತಿಯ ನಗು. ಅದು ಮಕ್ಕಳಿಗೆ ಹುಟ್ಟಿನಿಂದ ಬಂದಿರುವುದಿಲ್ಲ, ಮನೆಯಿಂದ ಬರುತ್ತದೆ, ಕೆಲವು ಸಲ ಟೀಚರ್ ಮುಖದಿಂದಲೂ ಬರುತ್ತದೆ. ನಾನು ಕ್ಲಾಸಿನ ಮಧ್ಯದಲ್ಲಿ ಕೂತು ರಾಗಿರೊಟ್ಟಿಯನ್ನೇ ತಿನ್ನುತ್ತಿದ್ದೆ, "ಯಾರಿಗೂ ಕೊಡಲ್ಲ" ಅನ್ನುತ್ತಿದ್ದೆ. ಕೊಡಲ್ಲ ಅಂದಮೇಲೆ ಬಿಡುತ್ತಾರಾ?

ಮೇಡಂ ಚೀಟಿ ಕಳಿಸಿದ್ದಾರೆ, ಐದು ನಿಮಿಷ. ಬರೆದುಕೊಂಡು ಬಂದಿದ್ದು ಇನ್ನೂ ಎರಡು ಪುಟ ಇದೆ. ಓಡಿಸುತ್ತೇನೆ.

ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಸೇರಿಸಿದ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ಶೇಕಡಾ 10ರ ಒಳಗಿರಲಿ, 5ರ ಒಳಗಾದರೆ ಇನ್ನೂ ಒಳ್ಳೆಯದು. ನಮ್ಮ ಯುಕೆಜಿ ಮಗುವಿನ ಲೆಕ್ಕಕ್ಕೆ 5 ಅಂದರೆ ಸುಮಾರು ನಾಲ್ಕು ಟೀ ಚಮಚ. ಬೆಳಗಿನ ಹಾಲಿಗೆ ಎರಡು ಹೋಯಿತು. ಕ್ರೀಮ್ ಬಿಸ್ಕತ್ತು, ಪ್ಯಾಕೆಟ್ ಜ್ಯೂಸು ಡಬ್ಬಿಗೆ ಇಟ್ಟರೆ ಮುಗಿಯಿತು ಕಥೆ. ಪ್ಯಾಕೆಟ್ಟಿನ ಹಿಂದೆ ಓದಿ. ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅಂತ ಕಾನೂನು. ಸಕ್ಕರೆ ಮೊದಲ ಮೂರರಲ್ಲಿದ್ದರೆ ವಾಪಸ್ ಇಡಿ.

ಗೇಟಿನ ಎದುರಿನ ಅಂಗಡಿ. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಜಿಡ್ಡು, ಉಪ್ಪು, ಸಕ್ಕರೆ ಜಾಸ್ತಿ ಇರುವುದನ್ನು ಮಾರುವ ಹಾಗಿಲ್ಲ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಹೊರಗೆ ಹೋಗುವಾಗ ಹೆಜ್ಜೆ ಎಣಿಸಿ ನೋಡಿ.

ಅನ್ನ. ರಾತ್ರಿ ಉಳಿದ ಅನ್ನ ಹೊರಗೇ ಇಟ್ಟಿದ್ದರೆ ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿಗೆ ತುಂಬಬೇಡಿ. ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಿಗ್ಗೆ ಮಾಡಿದ್ದನ್ನೂ ಹಬೆ ಆಡಲು ಬಿಟ್ಟು ಮುಚ್ಚಿ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದು ಚಮಚ, ಮಧ್ಯಾಹ್ನಕ್ಕೆ ಸರಿಯಾಗಿರುತ್ತದೆ. ಹಣ್ಣು, ನೀರಿನ ಬಾಟಲು, ತರಕಾರಿ... ಅದು ನಿಮಗೆ ಗೊತ್ತಿರುವುದೇ, ಬಿಡಿ.

ಪ್ರಶ್ನೆ ಕೇಳಿ. ಮೊದಲ ಪ್ರಶ್ನೆ ನೂಡಲ್ಸ್ ಬಗ್ಗೆಯೇ ಇರುತ್ತದೆ ಅಂತ ಗೊತ್ತು. ಭಾನುವಾರ ಸಂಜೆ ಮನೆಯಲ್ಲಿ ಮಾಡಿ, ಬಿಸಿಬಿಸಿ, ಎಲ್ಲರೂ ತಿನ್ನಿ, ನನ್ನ ತಕರಾರಿಲ್ಲ. ಡಬ್ಬಿಗೆ ಬೇಡ. ಮಧ್ಯಾಹ್ನ ಹನ್ನೆರಡೂವರೆಗೆ ಅದು ಡಬ್ಬಿಯ ಆಕಾರದಲ್ಲೇ ಒಂದೇ ಗಡ್ಡೆಯಾಗಿ ಎದ್ದು ಬರುತ್ತದೆ, ಮಗು ಚಮಚದಲ್ಲಿ ಚುಚ್ಚಿ ಚುಚ್ಚಿ ಸೋಲುತ್ತದೆ. ಹಾಂ, ಹಿಂದಿನವರು ಏನೋ ಅಂದಿರಿ... ಬಟಾಣಿ ಹಾಕಿದರೆ ನಡೆಯುತ್ತದಾ ಅಂತಾನಾ? ಎಷ್ಟು ಬಟಾಣಿ, ಅದು ಹೇಳಿ ಮೊದಲು.