ತೆಗೆದು ಹಾಕಿದ್ದನ್ನೂ ಒಮ್ಮೆ ಕೇಳಿ

ನಮಸ್ಕಾರ. ಹಳೇ ಎಲ್‌ಪಿ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅದರ ಗದ್ದಲ ತೆಗೆಯೋಕೆ ಕೂತವರ ಹತ್ತಿರ ಇವತ್ತು ಸ್ವಲ್ಪ ಮಾತಾಡಬೇಕು. ಗದ್ದಲ ಅಂತ ನಾವು ತೆಗೆದು ಬಿಸಾಡುತ್ತಿರುವುದರಲ್ಲಿ ಎಷ್ಟೋ ಸಲ ಹಾಡೂ ಹೋಗುತ್ತಿದೆ. ಇದು ನನಗೆ ನಿಜವಾಗಿಯೂ ಸಂಕಟ ಕೊಡುವ ವಿಷಯ.

"ಕ್ಲೀನ್ ಮಾಡಿದ್ದು" ಅಂತ ಹಾಕಿರುವ ಹಳೆಯ ಧ್ವನಿಮುದ್ರಣಗಳನ್ನು ಕಿವಿಗೊಟ್ಟು ಕೇಳಿ. ಚಟಪಟ ಇಲ್ಲ, ಸುಯ್ ಅನ್ನುವುದಿಲ್ಲ, ಒಪ್ಪಿದೆ. ಆದರೆ ಹಾಡುವವರು ಉಸಿರು ಎಳೆದುಕೊಳ್ಳುವುದೂ ಕೇಳಿಸುವುದಿಲ್ಲ. ತಂತಿ ಮೀಟಿದ ಮೇಲೆ ನಿಧಾನಕ್ಕೆ ಕರಗಬೇಕಾದ ನಾದ ಥಟ್ಟಂತ ನಿಂತುಬಿಡುತ್ತದೆ. ಮೆಲುವಾದ ಜಾಗಗಳಲ್ಲಿ ಗುಳುಗುಳು ಅಂತ ಏನೋ ಓಡಾಡುತ್ತಿರುತ್ತದೆ. ಆ ಗುಳುಗುಳು ರೆಕಾರ್ಡಿನಲ್ಲಿ ಇರಲೇ ಇಲ್ಲ, ತಂತ್ರಾಂಶ ಸೇರಿಸಿದ್ದು.

ಹೀಗೆ ಯಾಕಾಗುತ್ತದೆ ಅಂದರೆ, ಎಲ್ಲವನ್ನೂ ಗದ್ದಲ ಅಂತ ಕರೆದರೂ ಅದರಲ್ಲಿ ಜಾತಿಗಳು ಬೇರೆ ಬೇರೆ. ಗೀರಿನ ಮೇಲೆ ಮುಳ್ಳು ಹಾದಾಗ "ಟಪ್" ಅನ್ನುತ್ತಲ್ಲ, ಆ ಕ್ಲಿಕ್ ತಗೊಳ್ಳಿ. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತು ಮುಗಿಸಲು 1.8 ಸೆಕೆಂಡು ಬೇಕು. ಅದಕ್ಕೇ ಅಡ್ಡಡ್ಡ ಗೀರು ಬಿದ್ದ ತಟ್ಟೆ 1.8 ಸೆಕೆಂಡಿಗೊಮ್ಮೆ ಟಪ್, ಟಪ್ ಅನ್ನುತ್ತಲೇ ಇರುತ್ತದೆ. ಕೇಳಲು ಕಿರಿಕಿರಿ, ಆದರೆ ಒಂದೊಂದು ಕ್ಲಿಕ್ಕೂ ಇರುವುದು ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡು, ಕೆಲವು ಸಲ ಅಷ್ಟೂ ಇಲ್ಲ. 96 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 96 ಸಾವಿರ ಸಲ ಅಲೆಯನ್ನು ಅಳೆದು) ಇಳಿಸಿಕೊಂಡಿದ್ದರೆ ಒಂದು ಮಿಲಿಸೆಕೆಂಡು ಅಂದರೆ 96 ಸ್ಯಾಂಪಲ್, 96 ಅಳತೆ. ಅಷ್ಟು ಕೆಟ್ಟಿದೆ, ಅದರ ಹಿಂದಿನದೂ ಮುಂದಿನದೂ ನೆಟ್ಟಗಿದೆ. ಕ್ಲಿಕ್ ತೆಗೆಯುವ ಡಿಕ್ಲಿಕ್ ಸಾಧನ ಎರಡೂ ಕಡೆಯ ಅಲೆ ಹೇಗೆ ಸಾಗಿದೆ ನೋಡಿ, ನಡುವೆ ಏನಿದ್ದಿರಬಹುದು ಅಂತ ಲೆಕ್ಕ ಹಾಕಿ ತುಂಬುತ್ತದೆ. ಈ ವಿದ್ಯೆ ಹೊಸದೇನಲ್ಲ. ಬ್ರಿಟನ್ನಿನ ರಾಷ್ಟ್ರೀಯ ಧ್ವನಿ ಸಂಗ್ರಹಾಲಯಕ್ಕಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಯಿಂದ ಗದ್ದಲ ತೆಗೆಯುವ ಸಾಧನ ಮಾಡುವ ಸೀಡರ್ ಆಡಿಯೊ ಕಂಪನಿ ಹುಟ್ಟಿದ್ದು 1988ರಲ್ಲಿ.

ಇನ್ನು ಹಿಸ್, ಆ ಸುಯ್ ಅನ್ನುವ ಸದ್ದು. ಅದು ಹಾಡಿನ ಯಾವ ಚೂರನ್ನೂ ನುಂಗಿಲ್ಲ. ಮೊದಲಿನಿಂದ ಕೊನೆಯವರೆಗೂ ಹಾಡಿನ ಜೊತೆಗೇ ಬೆರೆತು ಬಂದಿದೆ. ಅದನ್ನು ತೆಗೆಯಬೇಕಾದರೆ ಹಾಡಿನ ಪ್ರತಿ ಕ್ಷಣಕ್ಕೂ ಕೈ ಹಾಕಬೇಕು. ಆಡಾಸಿಟಿ ಅನ್ನುವ ಧ್ವನಿ ತಂತ್ರಾಂಶದಲ್ಲಿ ಏನು ಮಾಡುತ್ತೇವೆ? ಎರಡು ಹಾಡುಗಳ ನಡುವಿನ ಖಾಲಿ ಗ್ರೂವ್ ಇದೆಯಲ್ಲ, ಆ ಜಾಗ ಆರಿಸಿ ನಾಯ್ಸ್ ಪ್ರೊಫೈಲ್, ಅಂದರೆ ಬರೀ ಗದ್ದಲದ ಮಾದರಿ, ಕೊಡುತ್ತೇವೆ. ತಂತ್ರಾಂಶ ಧ್ವನಿಯನ್ನು ನೂರಾರು ಕಂಪನಾಂಕ ಪಟ್ಟಿಗಳಾಗಿ ಒಡೆದು, ಯಾವ ಪಟ್ಟಿಯಲ್ಲಿ ಮಟ್ಟ ಆ ಪ್ರೊಫೈಲಿಗಿಂತ ಮೇಲೇಳುವುದಿಲ್ಲವೋ ಅದನ್ನು ತಗ್ಗಿಸುತ್ತದೆ. ಅದಕ್ಕೆ ಗೊತ್ತಿರುವುದು ಮಟ್ಟ ಮಾತ್ರ. ಮೆಲ್ಲಗೆ ಮರೆಯಾಗುತ್ತಿರುವ ನಾದ, ಸ್ಟುಡಿಯೋದ ಗೋಡೆಗೆ ತಾಗಿ ಬಂದ ಅನುರಣನ, ಮೇಲಿನ ಸೂಕ್ಷ್ಮ ಸ್ವರಾಂಶ, ಇವೆಲ್ಲ ಹಿಸ್‌ನ ಮಟ್ಟದಲ್ಲೇ ಇರುತ್ತವೆ, ಅದರ ಜೊತೆಗೇ ಹೋಗುತ್ತವೆ. ಅಲ್ಲಲ್ಲಿ ತಪ್ಪಿಸಿಕೊಂಡು ಉಳಿದ ಚೂರುಗಳೇ ಆ ಗುಳುಗುಳು. ಒಂದೇ ಸಮನೆ ಬರುವ ಹಿಸ್ಸನ್ನು ಕಿವಿ ಸ್ವಲ್ಪ ಹೊತ್ತಿನಲ್ಲೇ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಆದರೆ ಬಂದು ಹೋಗುವ ಈ ಸದ್ದನ್ನು ಪ್ರತಿ ಸಲವೂ ಹಿಡಿಯುತ್ತದೆ. ಅದಕ್ಕೇ ನನ್ನ ಪಟ್ಟು ಇಷ್ಟು: ಕ್ಲಿಕ್ ತೆಗೆಯಿರಿ, ಹಿಸ್ ಬಿಡಿ. ತೀರಾ ಬೇಕಾದರೆ ಆರು ಡೆಸಿಬೆಲ್ ಇಳಿಸಿ ಸಾಕು ಮಾಡಿ. ಅದನ್ನೂ ಕ್ಲಿಕ್ ಕೆಲಸ ಮುಗಿದ ಮೇಲೆ ಮಾಡಿ, ಯಾಕೆಂದರೆ ಕ್ಲಿಕ್ ಅನ್ನುವುದು ಎಲ್ಲ ಕಂಪನಾಂಕಕ್ಕೂ ಒಮ್ಮೆಗೇ ಸಿಡಿಯುವ ಸದ್ದು, ಅದು ಉಳಿದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ.

ಕ್ಲಿಕ್ ವಿಷಯದಲ್ಲೂ ಕಣ್ಣುಮುಚ್ಚಿ ಸೆನ್ಸಿಟಿವಿಟಿ (ಎಷ್ಟು ಸಣ್ಣದನ್ನೂ ಕ್ಲಿಕ್ ಅಂತ ಹಿಡಿಯಬೇಕು ಅನ್ನುವುದು) ಏರಿಸಬೇಡಿ. ಸಾಧನ ಹುಡುಕುವುದು ಅಲೆಯಲ್ಲಿನ ಹಠಾತ್ ಜಿಗಿತವನ್ನು. ಟ್ರಂಪೆಟ್ಟಿನ ಮೊನಚು ದನಿ, ಚರ್ಮವಾದ್ಯಕ್ಕೆ ಬೆರಳು ಬಡಿದ ಮೊದಲ ಪೆಟ್ಟು, ಹಾರ್ಪ್ಸಿಕಾರ್ಡಿನ ಮೀಟು, ಇವೂ ಅದರ ಕಣ್ಣಿಗೆ ಕ್ಲಿಕ್ಕಿನ ಹಾಗೇ ಕಾಣುತ್ತವೆ. ಪೆಟ್ಟಿನ ಆ ತುದಿ ಹೋದರೆ ವಾದ್ಯ ಮಂಕಾಗುತ್ತದೆ.

ಹಾಗಾದರೆ ಎಲ್ಲಿಗೆ ನಿಲ್ಲಿಸಬೇಕು? ಇದಕ್ಕೆ ಒಳ್ಳೇ ಪರೀಕ್ಷೆ ಇದೆ, ಬಹಳ ಜನ ಅದನ್ನು ಮಾಡುವುದೇ ಇಲ್ಲ ಅನ್ನುವುದು ನನ್ನ ಬೇಸರ. ತೆಗೆದು ಹಾಕಿದ್ದನ್ನು ಮಾತ್ರ ಕೇಳಿ. ಆಡಾಸಿಟಿಯ ನಾಯ್ಸ್ ರಿಡಕ್ಷನ್‌ನಲ್ಲಿ "ರೆಸಿಡ್ಯೂ" ಅಂತ ಆಯ್ಕೆ ಇದೆ. ಇನ್ನೊಂದು ತಂತ್ರಾಂಶ ಐಜೋಟೋಪ್ ಆರ್‌ಎಕ್ಸ್‌ನ ಡಿಕ್ಲಿಕ್‌ನಲ್ಲಿ ಕ್ಲಿಕ್ಕುಗಳನ್ನಷ್ಟೇ ಕೇಳಿಸುವ ಗುಂಡಿ ಇದೆ. ಇಂಥದ್ದೇನೂ ಇಲ್ಲದ ತಂತ್ರಾಂಶವಾದರೆ, ಮೂಲದ ಅಲೆಯನ್ನು ಇನ್ವರ್ಟ್ ಮಾಡಿ (ತಲೆಕೆಳಗಾಗಿಸಿ) ಶುಚಿ ಮಾಡಿದ್ದರ ಜೊತೆ ಕೂಡಿಸಿ, ಎರಡರಲ್ಲೂ ಒಂದೇ ಥರ ಇರುವುದೆಲ್ಲ ಅಳಿದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅದರಲ್ಲಿ ಬರೀ ಟಪ್‌ಟಪ್, ಬರೀ ಸುಯ್ ಇದ್ದರೆ ನಿಶ್ಚಿಂತೆ. ರಾಗ ಗುರುತು ಸಿಕ್ಕಿತೋ, ತಾಳ ಕೇಳಿಸಿತೋ, ಅಲ್ಲಿಂದ ಹಿಂದೆ ಬನ್ನಿ.

ತಂತ್ರಾಂಶ ತೆರೆಯುವ ಮೊದಲೇ ಮುಗಿಯಬೇಕಾದ ಕೆಲಸವೂ ಇದೆ. ತಟ್ಟೆ ತೊಳೆಯಿರಿ, ಧೂಳಿನಿಂದ ಬಂದ ಚಟಪಟಕ್ಕೆ ತಂತ್ರಾಂಶ ಬೇಕಿಲ್ಲ. ಆದರೆ ನಿಮಿಷಕ್ಕೆ 78 ಸುತ್ತಿನ ಹಳೇ ಅರಗಿನ ತಟ್ಟೆಗೆ ಆಲ್ಕೋಹಾಲ್ ಇರುವ ದ್ರಾವಣ ಸೋಕಿಸಬೇಡಿ, ಅರಗು ಕರಗುತ್ತದೆ. ಮೊನೊ (ಒಂದೇ ಚಾನೆಲ್ಲಿನ) ರೆಕಾರ್ಡನ್ನು ಮುಳ್ಳು ಹಿಡಿದಿರುವ ಸ್ಟೀರಿಯೊ ಕಾರ್ಟ್ರಿಡ್ಜ್‌ನಲ್ಲಿ ನುಡಿಸಿದ್ದರೆ ಎರಡೂ ಚಾನೆಲ್ ಕೂಡಿಸಿ ಒಂದು ಮಾಡಿ. ಮೊನೊ ಎಲ್‌ಪಿಯಲ್ಲಿ ಸಂಗೀತ ಇರುವುದು ಮುಳ್ಳಿನ ಅಡ್ಡ ಓಲಾಟದಲ್ಲಿ, ಮೇಲೆ ಕೆಳಗೆ ಕುಣಿದಾಗ ಬರುವುದೆಲ್ಲ ಗದ್ದಲವೇ, ಕೂಡಿಸಿದಾಗ ಅದು ತಾನಾಗಿ ವಜಾ ಆಗುತ್ತದೆ. ಹಾಡಿನ ಒಂದು ಕಣವೂ ಹೋಗದೆ ಇಷ್ಟು ಗದ್ದಲ ಇಳಿಸುವ ಉಪಾಯ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಕೊನೆಯದಾಗಿ ಕಚ್ಚಾ ಫೈಲಿನ ಮಾತು: ಶುಚಿ ಮಾಡುವ ಮೊದಲು ಇಳಿಸಿಕೊಂಡ ಪ್ರತಿಯನ್ನು ಇದ್ದ ಹಾಗೇ ಉಳಿಸಿಕೊಳ್ಳಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ತನ್ನ ಮಾರ್ಗಸೂಚಿಯಲ್ಲಿ ಹೇಳುವುದೂ ಇದನ್ನೇ: ಸಂರಕ್ಷಣೆಯ ಪ್ರತಿಗೆ ಯಾವ ಶುಚಿಕಾರ್ಯವನ್ನೂ ಮಾಡಬಾರದು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ನಲವತ್ತು ನಿಮಿಷದ ಎಲ್‌ಪಿ ಸುಮಾರು 1.4 ಜಿಬಿ ಆಗುತ್ತದೆ, ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಇನ್ನೂ ಕಡಿಮೆ. ಅಷ್ಟು ಜಾಗ ಕೊಡಿ. ಯಾವ ಮುಳ್ಳು, ಯಾವ ಸಾಧನ, ಯಾವ ಸೆಟ್ಟಿಂಗ್ ಅಂತ ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಕಚ್ಚಾ ಪ್ರತಿ ಅಳಿಸಿಬಿಟ್ಟಿದ್ದೀರಿ, ಆದರೆ ತಟ್ಟೆ ಇನ್ನೂ ಕೈಯಲ್ಲಿದೆ ಅನ್ನುವವರು ದಯವಿಟ್ಟು ಮತ್ತೊಮ್ಮೆ ತೊಳೆದು ಇಳಿಸಿಕೊಳ್ಳಿ. ಈ ಸಲ ಹಿಸ್ ಇದ್ದ ಹಾಗೇ ಇರಲಿ.