ಜಾರಿಯೇ ಆಗದ ನಿಯಮದ ಗುರಿ ಮುಟ್ಟಿದ್ದು ಹೇಗೆ? ಅಮೆರಿಕದ ಕರೆಂಟ್ ಲೆಕ್ಕ ಓದುವ ಬಗೆ

[ಪರದೆಯಲ್ಲಿ: 2005ರಿಂದ ಕೆಳಗಿಳಿಯುವ ಗೆರೆ. 2030ರ ಜಾಗದಲ್ಲಿ ಒಂದು ಕೆಂಪು ಚುಕ್ಕೆ.]

2015ರ ಆಗಸ್ಟ್‌ನಲ್ಲಿ ಒಬಾಮಾ ಸರ್ಕಾರ ಕ್ಲೀನ್ ಪವರ್ ಪ್ಲಾನ್ ಅಂತ ಒಂದು ನಿಯಮ ತಂದಿತು. ಅಮೆರಿಕದ ವಿದ್ಯುತ್ ಸ್ಥಾವರಗಳು 2005ರಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವೋ, 2030ರ ಹೊತ್ತಿಗೆ ಅದಕ್ಕಿಂತ ಶೇ 32ರಷ್ಟು ಕಡಿಮೆ ಬಿಡಬೇಕು. ಇಷ್ಟೇ ಗುರಿ. ದೊಡ್ಡ ಗಲಾಟೆಯಾಯಿತು. ಕಲ್ಲಿದ್ದಲು ರಾಜ್ಯಗಳು ಕೋರ್ಟಿಗೆ ಹೋದವು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, 2019ರಲ್ಲಿ ಟ್ರಂಪ್ ಸರ್ಕಾರ ಅದನ್ನು ರದ್ದು ಮಾಡಿತು, 2022ರಲ್ಲಿ ಸುಪ್ರೀಂ ಕೋರ್ಟ್ ಇಂಥ ಯೋಜನೆ ಮಾಡುವ ಅಧಿಕಾರ ಪರಿಸರ ಸಂಸ್ಥೆಗೆ ಇಲ್ಲ ಎಂದು ತೀರ್ಪು ಕೊಟ್ಟಿತು. ಅಂದರೆ ಆ ನಿಯಮ ಒಂದು ದಿನವೂ ಜಾರಿಯಾಗಲಿಲ್ಲ.

ಗುರಿ ಮಾತ್ರ 2019ರಲ್ಲೇ ಮುಟ್ಟಿಬಿಟ್ಟಿತ್ತು. 2005ರಲ್ಲಿ ಸುಮಾರು 240 ಕೋಟಿ ಟನ್ ಇದ್ದದ್ದು ಆ ವರ್ಷ ಸುಮಾರು 160 ಕೋಟಿ ಟನ್‌ಗೆ ಇಳಿದಿತ್ತು. ಮೂರನೇ ಒಂದು ಪಾಲು ಕಡಿಮೆ, ಅದೂ ಹನ್ನೊಂದು ವರ್ಷ ಮುಂಚೆ.

ಹಾಗಾದರೆ ಸರ್ಕಾರದ ಲೆಕ್ಕ ಹಾಕುವವರಿಗೆ ಇದು ಯಾಕೆ ಕಾಣಲಿಲ್ಲ? ಇವತ್ತಿನ ವಿಡಿಯೋ ಇದರ ಬಗ್ಗೆ. ಯಾಕೆಂದರೆ ಆ ಲೆಕ್ಕಗಳು ಸುಳ್ಳಾಗಿರಲಿಲ್ಲ. ಓದುವವರು ತಪ್ಪಾಗಿ ಓದುತ್ತಿದ್ದರು. ಈಗಲೂ ಓದುತ್ತಿದ್ದಾರೆ, ದೊಡ್ಡ ದೊಡ್ಡ ಪತ್ರಿಕೆಗಳಲ್ಲೂ.

[ಪರದೆಯಲ್ಲಿ: ಎರಡು ಹೆಸರು, ಇಐಎ ಮತ್ತು ಇಪಿಎ.]

ಮೊದಲು ಲೆಕ್ಕ ಹಾಕುವವರು ಯಾರು ಅಂತ ನೋಡೋಣ. ಮುಖ್ಯವಾಗಿ ಇಬ್ಬರು. ಇಪಿಎ ಅಂದರೆ ಪರಿಸರ ಸಂರಕ್ಷಣಾ ಸಂಸ್ಥೆ. ನಿಯಮ ಮಾಡುವುದು, ಹೊಗೆ ಅಳೆಯುವುದು ಇದರ ಕೆಲಸ. ಇನ್ನೊಂದು ಇಐಎ, ಎನರ್ಜಿ ಇನ್ಫರ್ಮೇಶನ್ ಅಡ್ಮಿನಿಸ್ಟ್ರೇಶನ್. ಇದು ನಿಯಮ ಮಾಡುವುದಿಲ್ಲ, ಯಾರಿಗೂ ದಂಡ ಹಾಕುವುದಿಲ್ಲ. ಅಂಕಿ ಅಂಶ ಸಂಗ್ರಹಿಸಿ ವಿಶ್ಲೇಷಣೆ ಮಾಡುತ್ತದೆ, ಅಷ್ಟೇ. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರದ ಕೈಯಲ್ಲಿ ನಂಬುವಂಥ ಸ್ವಂತ ಅಂಕಿಗಳೇ ಕಡಿಮೆ ಇದ್ದವು, ಎಣ್ಣೆ ಕಂಪನಿಗಳು ಹೇಳಿದ್ದನ್ನು ಜನ ನಂಬುತ್ತಿರಲಿಲ್ಲ. 1977ರ ಕಾನೂನಿನಲ್ಲಿ ಇಐಎ ಹುಟ್ಟಿತು. ಆ ಕಾನೂನಿನಲ್ಲಿ ಒಂದು ಮಾತು ಇದೆ, ನನಗೆ ತುಂಬಾ ಇಷ್ಟವಾದದ್ದು: ಈ ಸಂಸ್ಥೆ ತನ್ನ ವರದಿ ಪ್ರಕಟಿಸುವ ಮುಂಚೆ ಸರ್ಕಾರದ ಬೇರೆ ಯಾವ ಅಧಿಕಾರಿಯ ಒಪ್ಪಿಗೆಯನ್ನೂ ಪಡೆಯಬೇಕಾಗಿಲ್ಲ. ಮಂತ್ರಿಗೆ ಇಷ್ಟವಾಗದ ಅಂಕಿಯೂ ಹೊರಗೆ ಬರುತ್ತದೆ.

ಇಐಎ ಕೊಡುವ ಅಂಕಿಗಳಲ್ಲಿ ಎರಡು ಬಗೆ. ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು, ಆಗಿಹೋದದ್ದರ ಲೆಕ್ಕ. 1 ಮೆಗಾವ್ಯಾಟ್ ಅಥವಾ ಅದಕ್ಕಿಂತ ದೊಡ್ಡ ಪ್ರತಿ ಸ್ಥಾವರವೂ ತನ್ನ ವಿವರ ಕೊಡಲೇಬೇಕು: ಯಾವ ಇಂಧನ, ಎಷ್ಟು ಉರಿಸಿದೆ, ಎಷ್ಟು ಕರೆಂಟ್ ಬಂತು, ಯಾವಾಗ ಮುಚ್ಚುತ್ತೀರಿ. ಎರಡನೆಯದು ಮುಂದಿನ ಇಪ್ಪತ್ತೈದು ಮೂವತ್ತು ವರ್ಷದ ಚಿತ್ರ, ಆನ್ಯುಯಲ್ ಎನರ್ಜಿ ಔಟ್‌ಲುಕ್ ಅಂತ ಅದರ ಹೆಸರು. ಸುದ್ದಿಯಾಗುವುದು ಯಾವಾಗಲೂ ಈ ಎರಡನೆಯದೇ.

ಆ ವರದಿಯಲ್ಲಿ ಒಂದು ಮೂಲ ಚಿತ್ರ ಇರುತ್ತದೆ, ರೆಫರೆನ್ಸ್ ಕೇಸ್. ಇದನ್ನೇ ಜನ ಭವಿಷ್ಯವಾಣಿ ಅಂದುಕೊಳ್ಳುತ್ತಾರೆ. ಅದು ಭವಿಷ್ಯವಾಣಿ ಅಲ್ಲ. ಇವತ್ತು ಇರುವ ಕಾನೂನುಗಳು ಇದ್ದ ಹಾಗೇ ಮುಂದುವರಿದರೆ ಏನಾಗುತ್ತದೆ ಎನ್ನುವ ಲೆಕ್ಕ ಅದು. ಒಂದು ತೆರಿಗೆ ರಿಯಾಯಿತಿ ಮುಂದಿನ ವರ್ಷ ಮುಗಿಯುತ್ತದೆ ಅಂತ ಕಾನೂನಿನಲ್ಲಿ ಬರೆದಿದ್ದರೆ, ಲೆಕ್ಕದಲ್ಲೂ ಅದು ಮುಗಿಯುತ್ತದೆ. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕೊನೇ ಗಳಿಗೆಯಲ್ಲಿ ಅದನ್ನು ವಿಸ್ತರಿಸುತ್ತದೆ ಅಂತ ಊರಿಗೆಲ್ಲ ಗೊತ್ತಿದ್ದರೂ ಸರಿ. ಇಐಎ ಊಹೆ ಮಾಡುವುದಿಲ್ಲ.

[ಪರದೆಯಲ್ಲಿ: ಮೇ 2015, ಡಿಸೆಂಬರ್ 2015.]

ಈಗ ಈ ಎರಡು ತಿಂಗಳು ನೋಡಿ. ಕ್ಲೀನ್ ಪವರ್ ಪ್ಲಾನ್ ಇನ್ನೂ ಕರಡಾಗಿದ್ದಾಗ, ಅದರಿಂದ ಏನಾಗುತ್ತದೆ ಅಂತ ಸಂಸತ್ತಿನ ವಿಜ್ಞಾನ ಸಮಿತಿಯ ಅಧ್ಯಕ್ಷರು ಕೇಳಿದ್ದಕ್ಕೆ ಇಐಎ 2015ರ ಮೇ ತಿಂಗಳಲ್ಲಿ ಒಂದು ವಿಶ್ಲೇಷಣೆ ಕೊಟ್ಟಿತು. ನಿಯಮ ಇಲ್ಲದಿದ್ದರೆ ಹೊಗೆಯ ಪ್ರಮಾಣ ಹೆಚ್ಚೂಕಡಿಮೆ ಇದ್ದಲ್ಲೇ ಇರುತ್ತದೆ ಎನ್ನುವ ಚಿತ್ರ ಅದರಲ್ಲಿತ್ತು. ಗಾಳಿ ಮತ್ತು ಸೋಲಾರ್ ರಿಯಾಯಿತಿಗಳು ಆಗಿನ ಕಾನೂನಿನ ಪ್ರಕಾರ ಮುಗಿಯುವ ಇಲ್ಲವೇ ಇಳಿಯುವ ಲೆಕ್ಕದಲ್ಲಿದ್ದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅವುಗಳನ್ನು ಹಲವು ವರ್ಷಗಳಿಗೆ ವಿಸ್ತರಿಸಿತು. ಮೇ ತಿಂಗಳ ಲೆಕ್ಕದ ಒಂದು ಕಂಬವೇ ಬದಲಾಯಿತು, ಅಲ್ವಾ? ಆದರೆ ಚರ್ಚೆ ಮಾಡುವವರು ಹಳೇ ಗೆರೆಯನ್ನೇ ತೋರಿಸುತ್ತಾ ಇದ್ದರು.

ರಿಯಾಯಿತಿ ಒಂದೇ ಕಾರಣ ಅಲ್ಲ, ಅದಕ್ಕಿಂತ ದೊಡ್ಡದು ನೈಸರ್ಗಿಕ ಗ್ಯಾಸಿನ ಬೆಲೆ. ಇದು ಅರ್ಥವಾಗಬೇಕಾದರೆ ಕರೆಂಟ್ ಮಾರುಕಟ್ಟೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ತಿಳಿಯಬೇಕು.

[ಪರದೆಯಲ್ಲಿ: ಅಗ್ಗದಿಂದ ದುಬಾರಿಗೆ ಏರುವ ಮೆಟ್ಟಿಲುಗಳು.]

ಅಮೆರಿಕದ ದೊಡ್ಡ ಭಾಗದಲ್ಲಿ ಸಗಟು ಕರೆಂಟ್ ಹರಾಜಿನಲ್ಲಿ ಮಾರಾಟವಾಗುತ್ತದೆ. ಪಿಜೆಎಂ ಅಂತ ಒಂದು ಗ್ರಿಡ್ ಸಂಸ್ಥೆ ಇದೆ. 13 ರಾಜ್ಯಗಳ ಪೂರ್ತಿ ಅಥವಾ ಒಂದಷ್ಟು ಭಾಗ, ಜೊತೆಗೆ ರಾಜಧಾನಿ ವಾಷಿಂಗ್ಟನ್ ಅದರ ಕೈಯಲ್ಲಿದೆ. ಪ್ರತಿ ಸ್ಥಾವರವೂ ಇಷ್ಟು ದರಕ್ಕೆ ಇಷ್ಟು ಕರೆಂಟ್ ಕೊಡುತ್ತೇನೆ ಎನ್ನುತ್ತದೆ. ಗ್ರಿಡ್ ನಡೆಸುವವರು ಅಗ್ಗದ್ದರಿಂದ ಶುರು ಮಾಡಿ ಒಂದೊಂದಾಗಿ ಸೇರಿಸಿಕೊಳ್ಳುತ್ತಾ ಹೋಗುತ್ತಾರೆ, ಬೇಡಿಕೆ ಪೂರೈಸುವ ತನಕ. ಕೊನೆಗೆ ಸೇರಿದ ಸ್ಥಾವರದ ದರವೇ ಆ ಹೊತ್ತಿನ ದರ. ಮುಂಚೆ ಸೇರಿದ ಅಗ್ಗದವರಿಗೂ ಅದೇ ದರ ಸಿಗುತ್ತದೆ. ತಂತಿಗಳಲ್ಲಿ ದಟ್ಟಣೆ ಇದ್ದರೆ ಜಾಗದಿಂದ ಜಾಗಕ್ಕೆ ದರ ಬೇರೆಯಾಗುತ್ತದೆ. ಐದೈದು ನಿಮಿಷಕ್ಕೆ ಈ ಲೆಕ್ಕ ಮತ್ತೆ ನಡೆಯುತ್ತದೆ.

ಗಾಳಿಗೂ ಬಿಸಿಲಿಗೂ ಇಂಧನದ ಖರ್ಚಿಲ್ಲ, ಹಾಗಾಗಿ ಅವು ಸಾಲಿನ ಮುಂದೆ ನಿಲ್ಲುತ್ತವೆ. ಅಣು ಸ್ಥಾವರವೂ ಮುಂದೆ. ಆಮೇಲೆ ಕಲ್ಲಿದ್ದಲು, ಅದರ ಹಿಂದೆ ಗ್ಯಾಸ್. ಬಹಳ ವರ್ಷ ಕ್ರಮ ಹೀಗೇ ಇತ್ತು. 2008ರಲ್ಲಿ ಅಮೆರಿಕದ ಗ್ಯಾಸ್ ಬೆಲೆಗೆ ಮಾನದಂಡವಾದ ಹೆನ್ರಿ ಹಬ್ ಮಾರುಕಟ್ಟೆಯಲ್ಲಿ ಗ್ಯಾಸಿನ ಸರಾಸರಿ ಬೆಲೆ, ಹತ್ತು ಲಕ್ಷ ಬಿಟಿಯು ಶಾಖಕ್ಕೆ, 8 ಡಾಲರ್ ದಾಟಿತ್ತು. ಬಂಡೆ ಒಡೆದು ಶೇಲ್ ಗ್ಯಾಸ್ ತೆಗೆಯುವುದು ಜೋರಾದ ಮೇಲೆ 2012ರಲ್ಲಿ ಅದು 3 ಡಾಲರಿಗಿಂತ ಕೆಳಗಿಳಿಯಿತು. ಆಗ ಏನಾಯಿತು? ಕಂಬೈನ್ಡ್ ಸೈಕಲ್ ಗ್ಯಾಸ್ ಸ್ಥಾವರಗಳು, ಅಂದರೆ ಟರ್ಬೈನಿನಿಂದ ಹೊರಬರುವ ಬಿಸಿಯನ್ನೂ ಬಳಸಿ ಇನ್ನಷ್ಟು ಕರೆಂಟ್ ತೆಗೆಯುವಂಥವು, ಸಾಲಿನಲ್ಲಿ ಕಲ್ಲಿದ್ದಲನ್ನು ಹಿಂದಿಕ್ಕಿದವು. ಯಾರೂ ಕಲ್ಲಿದ್ದಲು ಸ್ಥಾವರ ಮುಚ್ಚಿ ಅಂತ ಆದೇಶ ಕೊಡಬೇಕಾಗಲಿಲ್ಲ. ಅವು ಓಡುವ ಗಂಟೆಗಳೇ ಕಡಿಮೆಯಾದವು, ಗಂಟೆ ಕಡಿಮೆಯಾದ ಮೇಲೆ ಖರ್ಚು ಹುಟ್ಟದೇ ಮಾಲೀಕರೇ ಬೀಗ ಹಾಕಿದರು. 2005ರಲ್ಲಿ ಅಮೆರಿಕದ ಅರ್ಧದಷ್ಟು ಕರೆಂಟ್ ಕಲ್ಲಿದ್ದಲಿನಿಂದ ಬರುತ್ತಿತ್ತು, 2016ರಲ್ಲಿ ಗ್ಯಾಸ್ ಅದನ್ನು ದಾಟಿತು, 2023ರಲ್ಲಿ ಕಲ್ಲಿದ್ದಲಿನ ಪಾಲು ಸುಮಾರು ಶೇ 16.

ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲು ಸ್ಥಾವರ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಗ್ಯಾಸ್ ಸ್ಥಾವರ 400 ಗ್ರಾಂ ಚಿಲ್ಲರೆ ಬಿಡುತ್ತದೆ. ಹೊಗೆ ಇಳಿದದ್ದು ಹೀಗೆ. ಆದರೆ ಇಲ್ಲೊಂದು ಮಾತು ಹೇಳಲೇಬೇಕು. ಈ 400 ಗ್ರಾಂ ಚಿಮಣಿಯಿಂದ ಬರುವುದು ಮಾತ್ರ. ಗ್ಯಾಸ್ ತೆಗೆಯುವ ಬಾವಿಯಲ್ಲಿ, ಸಾಗಿಸುವ ಪೈಪಿನಲ್ಲಿ ಸೋರುವ ಮೀಥೇನ್ ಇದರಲ್ಲಿ ಸೇರಿಲ್ಲ. ಗ್ಯಾಸ್ ಬಂದಿದ್ದರಿಂದ ಎಲ್ಲ ಸರಿಯಾಯಿತು ಎನ್ನುವವರು ಈ ಸೋರಿಕೆಯ ಮಾತೆತ್ತುವುದು ಕಡಿಮೆ.

ಗ್ಯಾಸಿನ ವಿಷಯದಲ್ಲಿ ಲೆಕ್ಕ ಎಷ್ಟು ಉಲ್ಟಾ ಆಯಿತು ಎನ್ನುವುದಕ್ಕೆ ಲೂಸಿಯಾನಾದ ಸಬೀನ್ ಪಾಸ್ ನೋಡಿದರೆ ಸಾಕು. 2000ದ ದಶಕದ ಮಧ್ಯದಲ್ಲಿ ಅಮೆರಿಕ ಮುಂದೆ ಭಾರೀ ಪ್ರಮಾಣದಲ್ಲಿ ದ್ರವ ಗ್ಯಾಸ್ (ಹಡಗಿನಲ್ಲಿ ಸಾಗಿಸಲು ತಂಪು ಮಾಡಿ ದ್ರವವಾಗಿಸಿದ ಗ್ಯಾಸ್) ಆಮದು ಮಾಡಬೇಕಾಗುತ್ತದೆ ಅಂತ ಇಐಎ ಚಿತ್ರಗಳು ತೋರಿಸುತ್ತಿದ್ದವು. ಆ ನಂಬಿಕೆಯ ಕಾಲದಲ್ಲೇ ಸಬೀನ್ ಪಾಸ್‌ನಲ್ಲಿ ಆಮದು ಬಂದರು ಕಟ್ಟಿದರು. 2016ರ ಫೆಬ್ರವರಿಯಲ್ಲಿ ಅದೇ ಜಾಗದಿಂದ ರಫ್ತು ಶುರುವಾಯಿತು. 2023ರಲ್ಲಿ ಅಮೆರಿಕ ಜಗತ್ತಿನ ಅತಿ ದೊಡ್ಡ ದ್ರವ ಗ್ಯಾಸ್ ರಫ್ತುದಾರ ದೇಶ. ತನ್ನ ಹಳೆಯ ಚಿತ್ರಗಳು ಎಲ್ಲೆಲ್ಲಿ ಎಷ್ಟು ತಪ್ಪಿದವು ಅಂತ ಇಐಎ ತಾನೇ ಲೆಕ್ಕ ಹಾಕಿ ಪ್ರಕಟಿಸುತ್ತದೆ. ಅಂಥ ವರದಿ ಕೊಡುವ ಧೈರ್ಯ ಎಷ್ಟು ಸಂಸ್ಥೆಗಳಿಗಿದೆ?

[ಪರದೆಯಲ್ಲಿ: ಚಿಮಣಿಯ ಮೇಲೆ ಅಳತೆ ಯಂತ್ರ.]

ಇನ್ನು ಅಳೆದ ಅಂಕಿಯ ಕಡೆ ಬರೋಣ. ನನ್ನ ಮಟ್ಟಿಗೆ ಈ ವಿಷಯದ ಜೀವ ಇರುವುದು ಇಲ್ಲಿ.

ಆಮ್ಲ ಮಳೆ ಕೇಳಿರುತ್ತೀರಿ. ಕಲ್ಲಿದ್ದಲಿನಲ್ಲಿರುವ ಗಂಧಕ ಉರಿದು ಗಾಳಿ ಸೇರಿ, ಮಳೆಯಲ್ಲಿ ಆಮ್ಲವಾಗಿ ಬಿದ್ದು, ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟದ ಕೆರೆಗಳಲ್ಲಿ ಮೀನೇ ಇಲ್ಲದಂತಾಯಿತು. 1990ರಲ್ಲಿ ಮೊದಲನೇ ಬುಷ್ ಸಹಿ ಹಾಕಿದ ಕಾನೂನು ಒಂದು ಹೊಸ ದಾರಿ ಹಿಡಿಯಿತು. ಎಲ್ಲ ಸ್ಥಾವರಗಳು ಸೇರಿ ವರ್ಷಕ್ಕೆ ಇಷ್ಟೇ ಟನ್ ಗಂಧಕದ ಡೈಆಕ್ಸೈಡ್ ಬಿಡಬಹುದು ಅಂತ ಮಿತಿ. ಆ ಮಿತಿಯೊಳಗೆ ಟನ್ನಿಗೊಂದು ಪರವಾನಗಿ, ಬೇಕಾದವರು ಕೊಳ್ಳಬಹುದು, ಉಳಿಸಿದವರು ಮಾರಬಹುದು. 1995ರಲ್ಲಿ ದೊಡ್ಡ ಕೊಳಕು ಸ್ಥಾವರಗಳಿಂದ ಶುರು, 2000ದಿಂದ 25 ಮೆಗಾವ್ಯಾಟ್‌ಗಿಂತ ದೊಡ್ಡ ಬಹುತೇಕ ಎಲ್ಲ ಸ್ಥಾವರಗಳೂ ಒಳಗೆ. ಪರವಾನಗಿ ಇಲ್ಲದೆ ಬಿಟ್ಟರೆ ಟನ್ನಿಗೆ 2000 ಡಾಲರ್ ದಂಡ.

ಈ ವ್ಯವಸ್ಥೆ ನಿಂತದ್ದು ಮೀಟರಿನ ಮೇಲೆ. ಚಿಮಣಿಯಲ್ಲಿ ಯಂತ್ರ ಇಟ್ಟು ಗಂಟೆ ಗಂಟೆಗೂ ಅಳೆಯಬೇಕು, ಇಪಿಎಗೆ ಕೊಡಬೇಕು, ಅದು ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗಬೇಕು. ಮೀಟರ್ ಕೆಟ್ಟರೆ? ಆ ಗಂಟೆಗಳಿಗೆ ಸೊನ್ನೆ ಹಾಕುವ ಹಾಗಿಲ್ಲ. ಕೆಟ್ಟು ನಿಂತ ಅವಧಿ ಹೆಚ್ಚಿದಷ್ಟೂ ಇನ್ನೂ ಜಾಸ್ತಿ ಅಂಕಿಯನ್ನು ತುಂಬಬೇಕು ಅಂತ ನಿಯಮ. ಹಾಗಾಗಿ ಮೀಟರನ್ನು ಸರಿಯಾಗಿ ಇಟ್ಟುಕೊಳ್ಳುವುದೇ ಮಾಲೀಕನಿಗೆ ಲಾಭ. ಇಷ್ಟು ಚೊಕ್ಕವಾಗಿ ಬರೆದ ಸರ್ಕಾರಿ ನಿಯಮ ಕಡಿಮೆ.

ಇಲ್ಲೂ ಮುಂದಿನ ಅಂದಾಜು ತಪ್ಪಿತು. ಕಾನೂನು ಬರುವ ಮುಂಚೆ ಇದರ ಖರ್ಚು ಭಾರೀ ಎನ್ನುವ ಅಂದಾಜುಗಳಿದ್ದವು. 1993ರಲ್ಲಿ ಶಿಕಾಗೋ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಮೊದಲ ಹರಾಜು ನಡೆದಾಗ ಟನ್ನಿಗೆ ಸರಾಸರಿ ಬೆಲೆ 200 ಡಾಲರನ್ನೂ ಮುಟ್ಟಲಿಲ್ಲ. ಒಂದು ಕಾರಣ ರೈಲು. 1980ರ ಕಾನೂನಿನಿಂದ ರೈಲು ದರಗಳ ಮೇಲಿನ ಹಿಡಿತ ಸಡಿಲವಾಗಿ ಸಾಗಣೆ ಅಗ್ಗವಾಗಿತ್ತು. ವಯೋಮಿಂಗ್ ಕಡೆಯ ಗಂಧಕ ಕಡಿಮೆಯಿರುವ ಕಲ್ಲಿದ್ದಲು ದೂರದ ಸ್ಥಾವರಗಳಿಗೂ ಕೈಗೆಟುಕಿತು. ಎಷ್ಟೋ ಕಡೆ ಹೊಗೆಯಿಂದ ಗಂಧಕ ತೆಗೆಯುವ ಸ್ಕ್ರಬ್ಬರ್ ಕಟ್ಟುವ ಬದಲು ಕಲ್ಲಿದ್ದಲನ್ನೇ ಬದಲಾಯಿಸಿದರು.

1990ರಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಟನ್‌ಗೂ ಮೀರಿದ್ದ ಗಂಧಕದ ಡೈಆಕ್ಸೈಡ್ ಈಗ 10 ಲಕ್ಷ ಟನ್‌ಗಿಂತ ಕಡಿಮೆ. ಎಲ್ಲವೂ ಪರವಾನಗಿ ಮಾರುಕಟ್ಟೆಯ ಪುಣ್ಯ ಅಂತ ಹೇಳಿದರೆ ತಪ್ಪಾಗುತ್ತದೆ. ಆಮೇಲೆ ಬಂದ ಬಿಗಿ ನಿಯಮಗಳು, ಅಗ್ಗದ ಗ್ಯಾಸ್ ಎಲ್ಲ ಸೇರಿವೆ. ಮತ್ತೆ ನೋಡಿ, ಕೆರೆ ಉಳಿಸಲು ಮಾಡಿದ ಕಾನೂನಿನ ದೊಡ್ಡ ಲಾಭ ಕೆರೆಗಲ್ಲ, ಮನುಷ್ಯರ ಶ್ವಾಸಕೋಶಕ್ಕೆ ಅಂತ ಮುಂದಿನ ವಿಶ್ಲೇಷಣೆಗಳು ತೋರಿಸಿದವು. ಗಂಧಕದಿಂದ ಹುಟ್ಟುವ ಸಣ್ಣ ಕಣಗಳು ಕಡಿಮೆಯಾಗಿ ಸಾವುಗಳು ತಪ್ಪಿದವು. ನನಗೆ ಈ ವಿಷಯ ಮುಖ್ಯ ಅನಿಸುವುದು ಇದಕ್ಕೇ. ಆ ಅಂಕಿಗಳ ಹಿಂದೆ ಉಸಿರಾಡುವ ಜನ ಇದ್ದಾರೆ.

[ಪರದೆಯಲ್ಲಿ: ಸರಾಸರಿ, ಅಂಚು.]

ಇನ್ನೊಂದು ಗೊಂದಲ ಬೇಗ ಬಿಡಿಸಿಬಿಡೋಣ. ಇಪಿಎಯ ಇಗ್ರಿಡ್ ಎನ್ನುವ ದತ್ತಾಂಶದ ಪ್ರಕಾರ ಅಮೆರಿಕದಲ್ಲಿ ಒಂದು ಯೂನಿಟ್ ಕರೆಂಟಿಗೆ 2022ರಲ್ಲಿ ಸರಾಸರಿ 370 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್. ನೀವು ಈಗ ಒಂದು ಯೂನಿಟ್ ಉಳಿಸಿದರೆ 370 ಗ್ರಾಂ ಉಳಿಯುತ್ತದಾ? ಇಲ್ಲ. ಆಗಲೇ ಹೇಳಿದ ಸಾಲಿನಲ್ಲಿ ಕೊನೆಗೆ ನಿಂತ ಸ್ಥಾವರ ಮಾತ್ರ ಹಿಂದೆ ಸರಿಯುತ್ತದೆ. ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಜಲವಿದ್ಯುತ್, ಅಣು ವಿದ್ಯುತ್ ಜಾಸ್ತಿ, ಸರಾಸರಿ ತುಂಬಾ ಕಡಿಮೆ. ಆದರೂ ಅಲ್ಲಿ ಬೇಡಿಕೆ ಏರಿದಾಗ ಸಾಮಾನ್ಯವಾಗಿ ಚುರುಕಾಗುವುದು ಗ್ಯಾಸ್ ಸ್ಥಾವರ. ಕ್ಯಾಲಿಫೋರ್ನಿಯಾದಲ್ಲಿ ವಸಂತದ ಮಧ್ಯಾಹ್ನ ಸೋಲಾರ್ ಹೆಚ್ಚಾಗಿ ಅದನ್ನು ತಡೆದು ನಿಲ್ಲಿಸುವ ಹೊತ್ತಿನಲ್ಲಿ ಇನ್ನೊಂದು ಯೂನಿಟ್ ಬಳಸಿದರೆ ಹೆಚ್ಚುವರಿ ಹೊಗೆ ಹೆಚ್ಚೂಕಡಿಮೆ ಸೊನ್ನೆ. ಒಂದು ಪ್ರದೇಶದ ಒಟ್ಟು ಹೊಗೆ ಎಷ್ಟು ಎನ್ನುವುದಕ್ಕೆ ಸರಾಸರಿ ಬೇಕು. ಹೊಸದಾಗಿ ಏನನ್ನಾದರೂ ಸೇರಿಸಿದರೆ, ತೆಗೆದರೆ ಏನಾಗುತ್ತದೆ ಎನ್ನುವುದಕ್ಕೆ ಅಂಚಿನ, ಅಂದರೆ ಸಾಲಿನ ಕೊನೆಯ ಸ್ಥಾವರದ, ಲೆಕ್ಕವೇ ಬೇಕು, ಅದಕ್ಕೆಂದೇ ಇಪಿಎ ಅವರ್ಟ್ ಅಂತ ಬೇರೆ ಸಾಧನ ಇಟ್ಟಿದೆ.

[ಪರದೆಯಲ್ಲಿ: 2025ರ ಔಟ್‌ಲುಕ್ ಪುಟ.]

ಈಗಿನ ವಿಷಯಕ್ಕೆ ಬರುತ್ತೇನೆ. ಲೆಕ್ಕದ ಮಾದರಿಯನ್ನು ಹೊಸದಾಗಿ ಕಟ್ಟಲು ಇಐಎ 2024ರಲ್ಲಿ ಔಟ್‌ಲುಕ್ ಬಿಡಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಬಿಟ್ಟಿತು. ಅದರ ಮೂಲ ಚಿತ್ರ 2024ರ ಡಿಸೆಂಬರ್ ತನಕದ ಕಾನೂನುಗಳ ಮೇಲೆ ನಿಂತಿದೆ. ವಿದ್ಯುತ್ ಸ್ಥಾವರಗಳ ಮೇಲಿನ ಬೈಡನ್ ಕಾಲದ ಇಂಗಾಲದ ನಿಯಮ ಅದರಲ್ಲಿ ಇದೆ, ಸೋಲಾರ್ ಮತ್ತು ಗಾಳಿಯ ರಿಯಾಯಿತಿಗಳೂ ಇವೆ. ವರದಿ ಬಂದು ಎರಡು ತಿಂಗಳಿಗೆ, ಅಂದರೆ ಜೂನ್‌ನಲ್ಲಿ, ಆ ನಿಯಮ ರದ್ದು ಮಾಡುವ ಪ್ರಸ್ತಾವವನ್ನು ಇಪಿಎ ಮುಂದಿಟ್ಟಿತು. ಜುಲೈ 4ರಂದು ಸಹಿಯಾದ ಕಾನೂನು ರಿಯಾಯಿತಿಗಳನ್ನು ಮೊಟಕು ಮಾಡಿತು. ಹದಿನೈದು ವರ್ಷ ಹೆಚ್ಚು ಏರದೆ ಇದ್ದ ಬೇಡಿಕೆ ಡೇಟಾ ಸೆಂಟರ್‌ಗಳಿಂದ ಏರುತ್ತಿರುವುದೂ ಇದೇ ಹೊತ್ತಿನಲ್ಲಿ.

ಹಾಗಾಗಿ ಯಾರಾದರೂ 2025ರ ಮೂಲ ಚಿತ್ರ ತೋರಿಸಿ, ಕಲ್ಲಿದ್ದಲು ಇಷ್ಟು ವರ್ಷದಲ್ಲಿ ಇಷ್ಟಕ್ಕೆ ಇಳಿಯುತ್ತದೆ ಅಂತ ಸರ್ಕಾರವೇ ಹೇಳಿದೆ ಎಂದರೆ, ಯಾವ ಕೇಸ್ ಅಂತ ಕೇಳಿ. ಅದೇ ವರದಿಯಲ್ಲಿ ಆ ಇಂಗಾಲದ ನಿಯಮವನ್ನು ತೆಗೆದು ಹಾಕಿದ ಇನ್ನೊಂದು ಚಿತ್ರ ಇದೆ, ಆಲ್ಟರ್ನೇಟಿವ್ ಎಲೆಕ್ಟ್ರಿಸಿಟಿ ಕೇಸ್ ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು ಕಲ್ಲಿದ್ದಲಿನ ಗೆರೆ ಎಲ್ಲಿ ಬೇರೆಯಾಗುತ್ತದೆ ಅಂತ ನೋಡಿ. ರಿಯಾಯಿತಿ ಮೊಟಕಾಗಿದ್ದು ಮಾತ್ರ ಎರಡರಲ್ಲೂ ಇಲ್ಲ.