ಕೋಲ್ಮಾದ ಕಲ್ಲು, ಆಲ್ಬನಿಯ ಹೊಲ

ಈಗ ನಿಮ್ಮ ಪರದೆಯ ಮೇಲೆ ಕಾಣುತ್ತಿರುವುದು ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಕೋಲ್ಮಾ ಎಂಬ ಪುಟ್ಟ ಊರಿನ ವುಡ್‌ಲಾನ್ ಸ್ಮಶಾನ. ಬೆಳಗಿನ ಮಂಜು ಇನ್ನೂ ಹುಲ್ಲಿನ ಮೇಲೆಯೇ ಇರುವುದರಿಂದ ಕ್ಯಾಮೆರಾದ ಗಾಜನ್ನು ಮೂರು ಸಲ ಒರೆಸಬೇಕಾಯಿತು. ಕಲ್ಲಿನ ಮೇಲೆ ಕೆತ್ತಿರುವುದನ್ನು ಕನ್ನಡದಲ್ಲಿ ಹೇಳುತ್ತೇನೆ: ಮೊದಲನೆಯ ನಾರ್ಟನ್, ಅಮೆರಿಕ ಸಂಯುಕ್ತ ಸಂಸ್ಥಾನದ ಚಕ್ರವರ್ತಿ ಮತ್ತು ಮೆಕ್ಸಿಕೋದ ರಕ್ಷಕ. ಅದರ ಕೆಳಗೆ ಜೋಶುವಾ ಎ. ನಾರ್ಟನ್, 1819–1880. ಕಲ್ಲಿನ ಬುಡದಲ್ಲಿ ಯಾರೋ ಕೆಲವು ನಾಣ್ಯಗಳನ್ನೂ ಒಂದೆರಡು ಬೆಣಚುಕಲ್ಲುಗಳನ್ನೂ ಇಟ್ಟು ಹೋಗಿದ್ದಾರೆ. ಸಮಾಧಿಯ ಮೇಲೆ ಕಲ್ಲಿಡುವುದು ಯಹೂದಿಗಳ ಸಂಪ್ರದಾಯ.

1859ರ ಸೆಪ್ಟೆಂಬರ್ 17ರಂದು ಪತ್ರಿಕೆಯೊಂದರ ಕಚೇರಿಗೆ ಪ್ರಕಟಣೆ ಕೊಟ್ಟು ತನ್ನನ್ನು ತಾನೇ ಚಕ್ರವರ್ತಿ ಎಂದು ಸಾರಿಕೊಂಡ, ಇಪ್ಪತ್ತು ವರ್ಷ ಇಡೀ ನಗರದ ಪ್ರೀತಿಯನ್ನು ಉಂಡು ಬೀದಿಯಲ್ಲೇ ಕುಸಿದು ಸತ್ತ ಈ ಮನುಷ್ಯನ ಕಥೆಯನ್ನು ಇಲ್ಲಿನ ಪ್ರವಾಸಿ ಬಸ್ಸುಗಳ ಚಾಲಕರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹುಡುಕುತ್ತಿರುವುದು ಅವನ ಅಪ್ಪನನ್ನು. ಆತನ ಹೆಸರು ಜಾನ್ ನಾರ್ಟನ್. ಇಂಗ್ಲೆಂಡಿನ ಯಹೂದಿ. 1820ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆಫ್ರಿಕಾದ ದಕ್ಷಿಣ ತುದಿಗೆ ಬೇಸಾಯ ಮಾಡಲು ಹೋದವನು.

ಈ ಹುಡುಕಾಟ ನನಗೆ ಏಕೆ ಬೇಕಿತ್ತು ಎಂದು ಮನೆಯಲ್ಲಿ ಕೇಳಿದರು. ನಮ್ಮ ಅಜ್ಜನ ಊರು ಬೈಲಹೊಂಗಲದ ಕಡೆಯದು. ಅಲ್ಲಿ ಸುಗ್ಗಿಯ ನಂತರ ಹೆಳವರು ಎತ್ತಿನ ಮೇಲೆ ಕುಳಿತು ಬಂದು, ಅಂಗಳದಲ್ಲಿ ನಿಂತು, ಮನೆತನದ ಹೆಸರುಗಳನ್ನು ಒಂದೂ ತಪ್ಪದಂತೆ ಮೇಲಿನಿಂದ ಕೆಳಕ್ಕೆ ಹೇಳಿ ಕಾಳು ಪಡೆದು ಹೋಗುತ್ತಿದ್ದರಂತೆ. ಸನ್ನಿವೇಲ್‌ಗೆ ಬಂದು ಹನ್ನೊಂದು ವರ್ಷವಾದ ನನಗೆ ಆ ದನಿ ಕೇಳುವ ಭಾಗ್ಯವಿಲ್ಲ. ಹಾಗಾಗಿ ಹೆಳವರೇ ಇಲ್ಲದ ಮನೆತನವೊಂದನ್ನು ಬರೀ ಕಾಗದದಿಂದ ಕಟ್ಟಲು ಸಾಧ್ಯವೇ ಎಂದು ನೋಡಬೇಕೆನಿಸಿತು.

ವಂಶಾವಳಿ ಹುಡುಕುವವರ ಮೊದಲ ಪಾಠವೆಂದರೆ ಸಾವಿನಿಂದ ಹಿಂದಕ್ಕೆ ನಡೆಯಬೇಕು, ಹುಟ್ಟಿನಿಂದ ಮುಂದಕ್ಕಲ್ಲ. ಆದ್ದರಿಂದ ಈ ಕಲ್ಲಿನಿಂದಲೇ ಆರಂಭಿಸಿದೆ, ಆದರೆ ಕಲ್ಲೇ ನಂಬಿಕೆಗೆ ಅರ್ಹವಲ್ಲ ಎಂಬುದು ಬೇಗ ತಿಳಿಯಿತು. 1880ರಲ್ಲಿ ಅವನನ್ನು ಹೂಳಿದ್ದು ನಗರದೊಳಗಿನ ಮೇಸೋನಿಕ್ ಸ್ಮಶಾನದಲ್ಲಿ. ನಗರವು ತನ್ನ ಸ್ಮಶಾನಗಳನ್ನೆಲ್ಲ ಹೊರಕ್ಕೆ ಸಾಗಿಸಿದ ಕಾಲದಲ್ಲಿ, 1934ರಲ್ಲಿ, ಅಸ್ಥಿಗಳನ್ನು ಕೋಲ್ಮಾಕ್ಕೆ ತಂದು ಈ ಕಲ್ಲು ನಿಲ್ಲಿಸಿದರು. ಸತ್ತ ಐವತ್ತನಾಲ್ಕು ವರ್ಷಗಳ ಮೇಲೆ ಕೆತ್ತಿದ ಹುಟ್ಟಿದ ವರ್ಷ ಅದು. ಶವಪೆಟ್ಟಿಗೆಯ ಬೆಳ್ಳಿ ತಗಡಿನ ಮೇಲೆ ವಯಸ್ಸು ‘ಸುಮಾರು 65’ ಎಂದಿತ್ತು. ಆ ಲೆಕ್ಕದಲ್ಲಿ ಅವನು 1814 ಅಥವಾ 1815ರಲ್ಲಿ ಹುಟ್ಟಿರಬೇಕು. ಒಬ್ಬನೇ ಮನುಷ್ಯ, ಎರಡು ಜನ್ಮವರ್ಷ. ಇನ್ನೊಂದು ಮುಂದೆ ಬರುತ್ತದೆ.

ಹುಟ್ಟಿನ ದಾಖಲೆಯನ್ನೇ ತೆಗೆದು ನೋಡಬಹುದಲ್ಲ ಎಂದು ನಿಮಗನ್ನಿಸಬಹುದು. ಅಂದಿನ ಇಂಗ್ಲೆಂಡಿನಲ್ಲಿ ಸಾಮಾನ್ಯ ಮನುಷ್ಯನೊಬ್ಬನು ಕಾಗದಕ್ಕೆ ಸಿಕ್ಕುತ್ತಿದ್ದುದು ಊರಿನ ಆಂಗ್ಲಿಕನ್ ಚರ್ಚಿನ ಪುಸ್ತಕದಲ್ಲಿ: ದೀಕ್ಷಾಸ್ನಾನ, ಮದುವೆ, ಮಣ್ಣು. ಯಹೂದಿ ಮಗುವಿಗೆ ದೀಕ್ಷಾಸ್ನಾನವಿಲ್ಲ. 1753ರ ವಿವಾಹ ಕಾಯಿದೆಯು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕೆಂದು ವಿಧಿಸಿದಾಗಲೂ ಯಹೂದಿಗಳಿಗೂ ಕ್ವೇಕರ್ ಪಂಥದವರಿಗೂ ವಿನಾಯಿತಿ ಕೊಟ್ಟಿತ್ತು, ಹಾಗಾಗಿ ಮದುವೆಯ ಪುಸ್ತಕದಲ್ಲೂ ಅವರಿಲ್ಲ. ಸರ್ಕಾರವೇ ಜನನ ಮರಣಗಳನ್ನು ಬರೆದಿಡಲು ಶುರುಮಾಡಿದ್ದು 1837ರ ಜುಲೈ 1ರಂದು. ಮನೆಮನೆಯ ಹೆಸರು ಹಿಡಿದ ಜನಗಣತಿ ನಡೆದದ್ದು 1841ರಲ್ಲಿ. ಅಷ್ಟರಲ್ಲಿ ನಾರ್ಟನ್ ಕುಟುಂಬ ಊರು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಚರ್ಚಿನ ಬಲೆಗೆ ಸಿಗದೆ, ಸರ್ಕಾರದ ಬಲೆ ಬೀಸುವ ಮೊದಲೇ ಈ ಮೀನು ಜಾರಿದೆ.

ಉಳಿಯುವುದು ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳ ಕಡತ ಮತ್ತು ಎಂಟನೆಯ ದಿನ ಮಗುವಿಗೆ ಸುನ್ನತಿ ಮಾಡುತ್ತಿದ್ದ ಮೊಹೆಲ್‌ಗಳು ತಮ್ಮ ಕೈಯಿಂದ ಬರೆದಿಟ್ಟುಕೊಂಡ ಪುಸ್ತಕಗಳು. ಇವುಗಳ ತೊಡಕು ಬೇರೆಯೇ. ಅಲ್ಲಿ ಯಾರೂ ‘ನಾರ್ಟನ್’ ಆಗಿರುವುದಿಲ್ಲ. ಇಂಥವನ ಮಗ ಇಂಥವನು ಎಂದು ಹೀಬ್ರೂವಿನಲ್ಲಿ ಇರುತ್ತದೆ, ತೇದಿಯೂ ಹೀಬ್ರೂ ಪಂಚಾಂಗದ್ದು. ಪಾಸ್‌ಪೋರ್ಟಿನ ಉಪನಾಮದ ಕಲಮಿನಲ್ಲಿ ಅಪ್ಪನ ಹೆಸರನ್ನು ತುಂಬಿ ಇಲ್ಲಿನ ಕಚೇರಿಗಳಲ್ಲಿ ಪಡಿಪಾಟಲು ಪಟ್ಟ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಹೆಸರು ಅಂಟಿಕೊಂಡೇ ಬರುವುದರಿಂದ ಒಂದು ಲಾಭವೂ ಉಂಟು: ಒಂದೇ ದಾಖಲೆಯಲ್ಲಿ ಎರಡು ತಲೆಮಾರು ಸಿಗುತ್ತದೆ. ಜೋಶುವಾ ಹುಟ್ಟಿದ್ದು ಇಂದು ಲಂಡನ್ನಿನೊಳಗೇ ಸೇರಿಹೋಗಿರುವ ಡೆಟ್‌ಫರ್ಡ್‌ನಲ್ಲಿ ಎಂದು ಹೆಚ್ಚಿನ ಸಂಶೋಧಕರು ಹೇಳುತ್ತಾರೆ. ತಾಯಿ ಸಾರಾ, ಏಬ್ರಹಾಂ ನಾರ್ಡನ್ ಅವರ ಮಗಳು.

ಕೊನೆಗೆ ಈ ಕುಟುಂಬವನ್ನು ಹಿಡಿದುಕೊಟ್ಟದ್ದು ಒಂದು ಹಡಗಿನ ಪಟ್ಟಿ. ನೆಪೋಲಿಯನ್ ಯುದ್ಧಗಳು ಮುಗಿದು ಇಂಗ್ಲೆಂಡಿನಲ್ಲಿ ಕೆಲಸವಿಲ್ಲದವರು ತುಂಬಿಕೊಂಡಿದ್ದಾಗ, 1819ರಲ್ಲಿ ಅಲ್ಲಿನ ಸಂಸತ್ತು ಆಫ್ರಿಕಾದ ದಕ್ಷಿಣ ತುದಿಯ ಕೇಪ್ ವಸಾಹತಿಗೆ ಜನರನ್ನು ಸಾಗಿಸಲು 50,000 ಪೌಂಡ್ ಮಂಜೂರು ಮಾಡಿತು. ಸುಮಾರು 4,000 ಮಂದಿ ಗುಂಪು ಗುಂಪಾಗಿ ಹೊರಟರು. ಕುಟುಂಬಕ್ಕೆ 10 ಪೌಂಡ್ ಠೇವಣಿ. ಪ್ರತಿ ವಯಸ್ಕ ಗಂಡಸಿನ ಲೆಕ್ಕಕ್ಕೆ 100 ಎಕರೆ ಭೂಮಿ. ಹದಿನಾಲ್ಕರೊಳಗಿನ ಮಕ್ಕಳು ಇಬ್ಬರಿಗಿಂತ ಹೆಚ್ಚಿದ್ದರೆ ಠೇವಣಿಯೂ ಹೆಚ್ಚು. ದುಡ್ಡಿನ ಲೆಕ್ಕ ಇದ್ದದ್ದರಿಂದಲೇ ಗುಂಪಿನ ನಾಯಕರು ಪ್ರತಿ ಮಗುವಿನ ವಯಸ್ಸನ್ನೂ ಬರೆದುಕೊಡಬೇಕಾಯಿತು. ಆ ಪತ್ರವ್ಯವಹಾರ ಇಂದಿಗೂ ಲಂಡನ್ ಬಳಿಯ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ‘ಬೆಲ್ ಅಲೈಯನ್ಸ್’ ಹಡಗಿನಲ್ಲಿ ಹೊರಟ ವಿಲ್ಸನ್ ಎಂಬವನ ಗುಂಪಿನಲ್ಲಿ ನಾರ್ಡನ್ ಸಹೋದರರೂ ಇದ್ದಾರೆ, ಜಾನ್ ಮತ್ತು ಸಾರಾ ನಾರ್ಟನ್ ದಂಪತಿಯೂ ಇದ್ದಾರೆ, ಅವರ ಮಗ ಜೋಶುವಾ ಕೂಡ: ವಯಸ್ಸು 2. ಪರದೆಯ ಮೇಲೆ ಆ ಒಂಟಿ ಅಂಕಿ ಕಂಡ ರಾತ್ರಿ ನಾನು ಚಹಾ ಒಲೆಯ ಮೇಲಿಟ್ಟು ಮರೆತು ಪಾತ್ರೆ ಸೀದುಹೋಯಿತು. 1820ರಲ್ಲಿ ಎರಡು ವರ್ಷವೆಂದರೆ ಜನನ 1818ರ ಆಸುಪಾಸು. ಈ ಮೂರು ಜನ್ಮವರ್ಷಗಳಲ್ಲಿ ಅವನ ಹುಟ್ಟಿಗೆ ಹತ್ತಿರದ ಕಾಲದಲ್ಲಿ, ಅವನ ಅಪ್ಪ ಬದುಕಿದ್ದಾಗ ಬರೆದದ್ದು ಇದೊಂದೇ.

ಹಡಗುಗಳು ಬಂದು ನಿಂತ ಅಲ್ಗೋವಾ ಕೊಲ್ಲಿಯಲ್ಲಿ ಬಂದರೇ ಇರಲಿಲ್ಲ. ಅಲೆಗಳ ನಡುವೆ ದೋಣಿಗಳಲ್ಲಿ ಇಳಿಸಿ, ಮರಳಿನ ಮೇಲಿನ ಡೇರೆಗಳಲ್ಲಿ ಕೆಲವು ದಿನ ಇರಿಸಿ, ಡಚ್ ರೈತರ ಎತ್ತಿನ ಬಂಡಿಗಳಲ್ಲಿ ಒಳನಾಡಿಗೆ ಕಳುಹಿಸಿದರು. ಆ ದಡದ ಊರಿಗೆ ಹಂಗಾಮಿ ಗವರ್ನರ್ ರುಫೇನ್ ಡಾಂಕಿನ್ ಪೋರ್ಟ್ ಎಲಿಜಬೆತ್ ಎಂದು ಹೆಸರಿಟ್ಟದ್ದು ತನ್ನ ಹೆಂಡತಿಯ ನೆನಪಿಗೆ. ಆಕೆ ಜ್ವರದಿಂದ ತೀರಿಕೊಂಡದ್ದು 1818ರಲ್ಲಿ ನಮ್ಮ ಮೀರತ್ತಿನಲ್ಲಿ. ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಅವರಿಗೆ ಕೊಟ್ಟ ನೆಲದ ಹೆಸರು ಆಲ್ಬನಿ. ಡಚ್ಚರು ಅದನ್ನು ಜುರ್‌ವೆಲ್ಡ್, ಎಂದರೆ ಹುಳಿ ಹುಲ್ಲುಗಾವಲು ಎಂದು ಕರೆಯುತ್ತಿದ್ದರು. ವರ್ಷದ ಕೆಲವೇ ತಿಂಗಳು ದನಗಳಿಗೆ ಒಗ್ಗುವ ಹುಲ್ಲು, ಬಿತ್ತನೆಗೆ ಹೊಂದದ ನೆಲ. ಬಂದವರಲ್ಲಿ ಬಹುಪಾಲು ನಗರದ ಕುಶಲಕರ್ಮಿಗಳು ಮತ್ತು ವ್ಯಾಪಾರಿಗಳು. ನೇಗಿಲು ಹಿಡಿದು ಗೊತ್ತಿಲ್ಲದವರ ಕೈಗೆ ಇಂಥ ನೆಲವನ್ನು ಏಕೆ ಕೊಟ್ಟರು? 1811–12ರಲ್ಲಿ ಬ್ರಿಟಿಷ್ ಸೈನ್ಯವು ಅಲ್ಲಿದ್ದ ಖೋಸಾ ಜನರನ್ನು ಫಿಶ್ ನದಿಯಾಚೆಗೆ ಅಟ್ಟಿತ್ತು. 1819ರ ಏಪ್ರಿಲ್‌ನಲ್ಲಿ ಮಖಾಂಡಾ ಎಂಬವನ ಮುಂದಾಳತ್ವದಲ್ಲಿ ಅವರು ಬ್ರಿಟಿಷರ ಗಡಿಯೂರಾದ ಗ್ರಹಾಮ್ಸ್‌ಟೌನ್ ಮೇಲೆ ತಿರುಗಿಬಿದ್ದು ಸೋತರು. ಗಡಿಗೆ ಒಂದು ಬೇಲಿ ಬೇಕಿತ್ತು, ಆ ಬೇಲಿಯನ್ನು ಸಂಸಾರಗಳಿಂದ ಕಟ್ಟಿದರು. ಮಕ್ಕಳನ್ನು ಹೊತ್ತು ಹಡಗು ಹತ್ತಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ವಂಶಾವಳಿಯ ಪುಟಗಳಲ್ಲಿ ‘ಮೊದಲ ಬೇಸಾಯಗಾರ’ ಎಂದು ಹೆಮ್ಮೆಯಿಂದ ಬರೆಯುವುದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಆ ನೆಲದಲ್ಲಿ ಅವನಿಗಿಂತ ಮೊದಲು ಜೋಳ ಬೆಳೆದು ದನ ಮೇಯಿಸಿದವರಿದ್ದರು. ಗ್ರಹಾಮ್ಸ್‌ಟೌನ್‌ಗೆ 2018ರಲ್ಲಿ ಮಖಾಂಡಾ ಎಂದೇ ಹೆಸರಾಯಿತು.

ಬೆಳೆಯ ಕಥೆ ಚಿಕ್ಕದು. ಮೊದಲ ವರ್ಷ ಗೋಧಿಗೆ ತುಕ್ಕು ರೋಗ ಬಂತು. ನಮ್ಮ ಕಡೆ ಇದನ್ನೇ ಭಂಡಾರ ರೋಗ ಎನ್ನುತ್ತಾರೆ. ಹೊಲದಲ್ಲಿ ಓಡಾಡಿದರೆ ಧೋತರದ ಅಂಚಿಗೆ ಅರಿಸಿನದ ಪುಡಿಯಂತೆ ಹತ್ತುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು. ತೆನೆ ನಿಂತಿರುತ್ತದೆ, ಒಳಗೆ ಕಾಳಿರುವುದಿಲ್ಲ. ಎರಡನೆಯ ವರ್ಷವೂ ಅದೇ, ಮೂರನೆಯ ವರ್ಷವೂ ಅದೇ. 1823ರ ಅಕ್ಟೋಬರ್‌ನಲ್ಲಿ ಪ್ರವಾಹ ಬಂದು ಉಳಿದ ಮಣ್ಣಿನ ಗೋಡೆಗಳನ್ನೂ ತೊಳೆದುಕೊಂಡು ಹೋಯಿತು. ಅಷ್ಟರೊಳಗೆ ಅರ್ಧಕ್ಕಿಂತ ಹೆಚ್ಚು ಗಂಡಸರು ತಮಗೆ ಕೊಟ್ಟ ನೆಲ ಬಿಟ್ಟು ಪೇಟೆ ಸೇರಿದ್ದರು. ನಾರ್ಟನ್ ಕೂಡ ಬೇಸಾಯದ ಜೊತೆ ವ್ಯಾಪಾರವನ್ನೂ ಹಿಡಿದ. ಭಾವಮೈದುನ ಬೆಂಜಮಿನ್ ನಾರ್ಡನ್ ವ್ಯಾಪಾರದಲ್ಲಿ ಏಳಿಗೆ ಹೊಂದಿ ಕೇಪ್‌ಟೌನ್ ಸೇರಿದ. ಆ ಊರಿನ ಮೊದಲ ಯಹೂದಿ ಸಾಮೂಹಿಕ ಪ್ರಾರ್ಥನೆ 1841ರಲ್ಲಿ, ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನ ಮುನ್ನಾ ಸಂಜೆ ನಡೆದದ್ದು ಅವನ ಮನೆಯಲ್ಲಿ.

ಸಾರಾ 1846ರಲ್ಲಿ, ಜಾನ್ 1848ರಲ್ಲಿ ತೀರಿಕೊಂಡರು. ಮರುವರ್ಷದ ನವೆಂಬರ್‌ನಲ್ಲಿ ಜೋಶುವಾ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದನೆನ್ನುತ್ತಾರೆ. ಅಪ್ಪನ ಆಸ್ತಿಯಿಂದ ಬಂದ 40,000 ಡಾಲರ್ ಅವನ ಜೇಬಿನಲ್ಲಿತ್ತು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿದೆ, ಅದಕ್ಕೆ ಆಧಾರವಾಗಿ ಒಂದು ಕಾಗದವೂ ಇಲ್ಲ. ಮೂರು ಬೆಳೆ ಕಳೆದುಕೊಂಡ ಸೀಮೆಯ ರೈತನ ಮನೆಯಿಂದ ಅಷ್ಟು ಹಣ ಹೊರಟಿತೆಂದು ನಂಬಲು ನನಗಂತೂ ಕಷ್ಟ. ಮಗನನ್ನು ಮುಳುಗಿಸಿದ್ದೂ ಧಾನ್ಯವೇ: ಚೀನಾ ರಫ್ತು ನಿಲ್ಲಿಸಿ ಅಕ್ಕಿಯ ಬೆಲೆ ಒಂದು ಪೌಂಡ್ ತೂಕಕ್ಕೆ 4 ಸೆಂಟಿನಿಂದ 36 ಸೆಂಟಿಗೆ ಏರಿದಾಗ ಪೆರುವಿನ ಒಂದು ಹಡಗಿನ ಅಕ್ಕಿಯನ್ನೆಲ್ಲ ಕೊಳ್ಳಲು ಒಪ್ಪಿದ, ಬೆನ್ನಿಗೇ ಇನ್ನಷ್ಟು ಅಕ್ಕಿಯ ಹಡಗುಗಳು ಬಂದವು, ಬೆಲೆ 3 ಸೆಂಟಿಗೆ ಬಿತ್ತು.

ನಾನೀಗ ಕಾಯುತ್ತಿರುವುದು ಜಾನ್ ಅವರ ಮರಣ ಸೂಚನೆಯ ಪ್ರತಿಗಾಗಿ. ಕೇಪ್ ವಸಾಹತಿನಲ್ಲಿ ಸತ್ತವರ ಮನೆಯವರು ಇಂಥದೊಂದು ಹಾಳೆ ತುಂಬಿಕೊಡುವ ಪದ್ಧತಿಯಿತ್ತು: ಹೆಸರು, ಹುಟ್ಟಿದ ಊರು, ತಂದೆ ತಾಯಿ, ಕಸುಬು, ಮಕ್ಕಳ ಹೆಸರು, ಬಿಟ್ಟುಹೋದ ಆಸ್ತಿ. ಕೇಪ್‌ಟೌನಿನ ರೋಲಂಡ್ ಬೀದಿಯಲ್ಲಿ, ಹಿಂದೆ ಜೈಲಿದ್ದ ಜಾಗದಲ್ಲೇ ಇರುವ ಪತ್ರಾಗಾರದಲ್ಲಿ ಆ ಹಾಳೆಗಳ ಕಡತಗಳಿವೆ. ‘ಕಸುಬು’ ಎಂಬ ಜಾಗದಲ್ಲಿ ಆ ಮನೆಯವರು ರೈತ ಎಂದು ಬರೆಸಿದ್ದಾರೋ ವ್ಯಾಪಾರಿ ಎಂದೋ, ನನಗೆ ಬೇಕಾಗಿರುವುದು ಅದೊಂದು ಪದ. ಸದ್ಯಕ್ಕೆ ನನ್ನ ಹಾಳೆಯಲ್ಲಿ ಜಾನ್ ಅವರ ಹೆಸರಿನ ಮುಂದೆ ಆ ಜಾಗ ಖಾಲಿ ಬಿಟ್ಟಿದ್ದೇನೆ; ಜೋಶುವಾ ಹೆಸರಿನ ಮುಂದೆ 1818 ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹೊರಡುವ ಮುನ್ನ ನಾನೂ ಒಂದು ಬೆಣಚುಕಲ್ಲು ಇಟ್ಟು ಬಂದೆ, 1819ರ ಪಕ್ಕದಲ್ಲಿ.